ಐದು ಗಂಟೆಯ ಬಸ್ಸು ಮತ್ತು ಸಿದ್ದಾಪುರದ ಸವಿತಾ

ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು ಪುಣ್ಯವಂತರು. ಅವರು ಕೊಟ್ಟ ಲೆಕ್ಕ ನೋಟ್‌ಬುಕ್ಕಿನಲ್ಲೇ ಬಿದ್ದಿರುತ್ತದೆ. ನಾನು ಕನ್ನಡ ಮೇಷ್ಟ್ರು. ಕಥೆ, ನಾಟಕ, ಪತ್ರ ಅಂತ ನಾನು ಏನು ಬರೆಸಿದರೂ ಅದು ನೋಟ್‌ಬುಕ್ಕಿನಿಂದ ಎದ್ದು, ಊರೆಲ್ಲ ಸುತ್ತಿ, ಕೊನೆಗೆ ನನ್ನ ಕೊರಳಿಗೇ ಬಂದು ಬೀಳುತ್ತದೆ. ಕೊಪ್ಪಳ, ಗಂಗಾವತಿ ಕಡೆ ನೌಕರಿ ಮಾಡಿದಾಗಲೂ ಹೀಗೇ ಆಗಿತ್ತು. ಆದರೆ ಹೋದ ವರ್ಷದಷ್ಟು ನನ್ನ ಎದೆ ಯಾವತ್ತೂ ಹೊಡೆದುಕೊಂಡಿರಲಿಲ್ಲ. ಬಿಪಿ ಗುಳಿಗೆ ಶುರುವಾದದ್ದೇ ಆಗ. ಈಗಿನ ಶಾಲೆ ಕುಷ್ಟಗಿಗೂ ಯಲಬುರ್ಗಾಕ್ಕೂ ನಡುವೆ ಎಲ್ಲೋ ಇದೆ. ಊರಿನ ಹೆಸರು ಕೇಳಬೇಡಿ, ನಾನಿನ್ನೂ ಅಲ್ಲೇ ಕೆಲಸ ಮಾಡಬೇಕು.

೧. ಕಥೆ

ಒಂಬತ್ತನೇ ತರಗತಿಗೆ ಸಣ್ಣಕಥೆ ಬರೆಯುವುದನ್ನು ಕಲಿಸುತ್ತಿದ್ದೆ. ಕಥೆಯಲ್ಲಿ ಒಂದು ಸಮಸ್ಯೆ ಇರಬೇಕು, ಅದು ಬೆಳೆಯಬೇಕು, ಕೊನೆಗೆ ಪರಿಹಾರ ಸಿಗಬೇಕು ಎಂದು ಬೋರ್ಡಿನ ಮೇಲೆ ಬರೆದು, ಮನೆಗೆಲಸ ಕೊಟ್ಟೆ. ಮರುದಿನ ತಿದ್ದಲು ಕೂತರೆ ಎಂಟು ಹುಡುಗಿಯರ ಕಥೆ ಒಂದೇ! ಸಂಜೆ ಐದರ ಬಸ್ಸು ಶಾಲೆಯ ಕ್ರಾಸಿಗೆ ಬರುತ್ತದೆ. ಹುಡುಗಿಯರು ಕೈ ಮಾಡುತ್ತಾರೆ. ಬಸ್ಸು ಧೂಳೆಬ್ಬಿಸಿಕೊಂಡು ಹೋಗಿಬಿಡುತ್ತದೆ. ಮುಂದಿನ ಬಸ್ಸು ಏಳಕ್ಕೆ. ಹುಡುಗಿಯರು ಆರು ಕಿಲೋಮೀಟರು ನಡೆಯುತ್ತಾರೆ, ದಾರಿಯಲ್ಲೇ ಕತ್ತಲಾಗುತ್ತದೆ. ಅಲ್ಲಿಗೆ ಕಥೆ ಮುಗಿಯಿತು.

ನನಗೆ ಸಿಟ್ಟು ನೆತ್ತಿಗೇರಿತು. ಎಂಟೂ ಮಂದಿಯನ್ನು ಎಬ್ಬಿಸಿ ನಿಲ್ಲಿಸಿದೆ. "ಯಾರದು ನೋಡಿ ಯಾರು ಬರದೀರಿ? ಖರೇ ಹೇಳ್ರಿ."

ಮೂರನೇ ಬೆಂಚಿನ ಹುಡುಗಿ ತಲೆ ತಗ್ಗಿಸದೆ ಹೇಳಿದಳು, "ಯಾರದೂ ಯಾರೂ ನೋಡಿಲ್ರಿ ಸರ್. ನಾವು ಎಂಟೂ ಮಂದಿ ಒಂದ ಊರಾವ್ರು, ಒಂದ ಬಸ್ಸಿಗೆ ಕೈ ಮಾಡ್ತೀವ್ರಿ."

ನನಗೆ ನಾಚಿಕೆಯಾಯಿತು. ನಾಲ್ಕೂವರೆಗೆ ಗಂಟೆ ಹೊಡೆದರೆ ನಾನು ಬೈಕ್ ಹತ್ತಿ ಹೊರಟುಬಿಡುತ್ತಿದ್ದೆ. ಈ ಮಕ್ಕಳು ಕ್ರಾಸಿನಲ್ಲಿ ಏನಾಗುತ್ತಾರೆ ಎಂದು ಒಂದು ದಿನವೂ ತಿರುಗಿ ನೋಡಿರಲಿಲ್ಲ. ಆದರೂ ಮೇಷ್ಟ್ರು ಮೇಷ್ಟ್ರೇ ತಾನೆ, ಸೋಲಲಾದೀತೇ? "ಆತು, ಪರಿಹಾರ ಎಲ್ಲೈತಿ? ಕಥಿ ನಡುವ ಕೈ ಬಿಟ್ಟೀಯಲ್ಲ?" ಎಂದೆ.

"ಬಸ್ ಇನ್ನೂ ನಿಂತಿಲ್ರಿ ಸರ್. ನಿಂತ ಮ್ಯಾಲೆ ಬರೀತೀನ್ರಿ. ಆದ್ರ ಅದಕ್ಕೂ ಮೊದ್ಲ ನಮ್ಮಪ್ಪ ಸಾಲಿ ಬಿಡಸ್ತೀನಿ ಅನ್ನಾಕತ್ತಾನ್ರಿ."

ಅವಳೊಬ್ಬಳನ್ನು ಬಿಡಿಸಿದರೆ ಉಳಿದ ಏಳು ಮಂದಿಯ ಅಪ್ಪಂದಿರೂ ಬಿಡಿಸುತ್ತಾರೆ ಎಂಬುದು ನನಗೆ ಗೊತ್ತಿತ್ತು. ಎಂಟು ನೋಟ್‌ಬುಕ್ಕನ್ನೂ ಮುಚ್ಚಿಟ್ಟೆ. ತಿದ್ದಲು ಅವುಗಳಲ್ಲಿ ತಪ್ಪೇ ಇರಲಿಲ್ಲ, ತಪ್ಪೆಲ್ಲ ರಸ್ತೆಯ ಮೇಲಿತ್ತು.

೨. ಪ್ರವಾಸ ಕಥನ

ಅದೇ ತಿಂಗಳು ಶಾಲೆಯ ಪ್ರವಾಸ ಇಟಗಿಗೆ ಹೋಯಿತು. ಮಕ್ಕಳು ಬರೆದ ಪ್ರವಾಸ ಕಥನಗಳಲ್ಲಿ ಒಳ್ಳೆಯದೊಂದನ್ನು ಜಿಲ್ಲಾ ಸ್ಪರ್ಧೆಗೆ ಕಳಿಸಬೇಕೆಂದು ಹೆಡ್‌ಮಾಸ್ತರು ಹಟ ಹಿಡಿದಿದ್ದರು. ಅವರಿಗೆ ಮೊದಲೇ ನನ್ನ ಮೇಲೆ ಗುಮಾನಿ. ಮಕ್ಕಳ ಕೈಯಲ್ಲಿ ಪೆನ್ನು ಕೊಟ್ಟರೆ ಏನಾದರೂ ಅನಾಹುತವಾಗುತ್ತದೆ ಎಂಬುದು ಅವರ ನಂಬಿಕೆ. ಎಲ್ಲರಿಗಿಂತ ದುಂಡಗಿನ ಅಕ್ಷರ ಆ ಮೂರನೇ ಬೆಂಚಿನ ಹುಡುಗಿಯದು. ಅವಳ ಕಥನವನ್ನೇ ಕೈಗೆತ್ತಿಕೊಂಡು ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಗಟ್ಟಿಯಾಗಿ ಓದಿದರು.

"ಮಹಾದೇವ ದೇವಾಲಯ ತುಂಬಾ ಚೆನ್ನಾಗಿತ್ತು. ಕಂಬಗಳು ಹೊಳೆಯುತ್ತಿದ್ದವು. ಎಲ್ಲಕ್ಕಿಂತ ದೊಡ್ಡ ಆಶ್ಚರ್ಯವೆಂದರೆ, ದಾರಿಯಲ್ಲಿ ಬಸ್ಸು ಬದಲಿಸುವಾಗ ನಾವು ಮೂರು ಸಲ ಕೈ ಮಾಡಿದೆವು, ಮೂರೂ ಸಲ ಬಸ್ಸು ನಿಂತಿತು."

ಅಲ್ಲಿಂದ ಮುಂದೆ ಬಸ್ಸು ಹೇಗೆ ವೇಗ ಕಡಿಮೆ ಮಾಡಿತು, ಬಾಗಿಲು ಹೇಗೆ ತೆರೆಯಿತು, ಮೆಟ್ಟಿಲು ಎಷ್ಟು ಎತ್ತರವಿತ್ತು ಎಂಬ ವರ್ಣನೆ.

ಹೆಡ್‌ಮಾಸ್ತರು ಕನ್ನಡಕ ತೆಗೆದರು. "ಏನ್ರೀ ಇದು? ಗುಡಿ ಎರಡು ಸಾಲು, ಬ್ರೇಕು ಎರಡು ಪುಟ!"

"ಸರ್, ಪ್ರವಾಸ ಕಥನ ಬರಿಯಾವ್ರು ಜೀವನದಾಗ ಎಂದೂ ನೋಡದ್ದನ್ನ ವಿವರವಾಗಿ ಬರೀತಾರ್ರಿ" ಎಂದೆ.

೩. ನಾಟಕ

ಏಕಾಂಕ ನಾಟಕದ ಪಾಠ ಬಂತು. ನಾಟಕ ಓದುವುದಲ್ಲ, ಬರೆದು ಆಡಬೇಕು ಎಂದೆ. ಅವರು ಬರೆದದ್ದು ಮತ್ತೆ ಬಸ್ಸಿನದೇ ಕಥೆ. ಬೇವಿನ ಮರದ ಕೆಳಗೆ ತಾಲೀಮು. ಆಗಷ್ಟೇ ಮೀಸೆ ಚಿಗುರಿದ ಒಬ್ಬ ಹುಡುಗ ಅಪ್ಪನ ಪಾತ್ರ ಮಾಡುತ್ತಿದ್ದ. "ಸಾಲಿ ಸಾಕು! ಟಿಸಿ ಕೊಡ್ರಿ! ಇವತ್ತ ಕೊಡ್ರಿ!" ಎಂದು ಎಗರಾಡುತ್ತಿದ್ದ.

ನಾನು ತಿರುಗಿ ನೋಡಿದರೆ ಗೇಟಿನಲ್ಲಿ ಮೂರನೇ ಬೆಂಚಿನ ಹುಡುಗಿಯ ನಿಜವಾದ ಅಪ್ಪ! ಹೆಗಲ ಮೇಲೆ ಟವೆಲ್ಲು, ಮುಖದ ತುಂಬ ಮೀಸೆ, ಕೈಯಲ್ಲಿ ಟಿಸಿಗೆ ಬರೆಸಿಕೊಂಡು ಬಂದ ಅರ್ಜಿ. ಸುಮ್ಮನಾಗೋ ಎಂದು ಹುಡುಗನಿಗೆ ಎರಡೂ ಕೈ ಬೀಸಿದೆ. ಅವನು ಅದನ್ನು ಇನ್ನೂ ಜೋರಾಗಿ ಎಂದು ತಿಳಿದು, ಮರದ ಮೇಲಿನ ಕಾಗೆಗಳೆಲ್ಲ ಹಾರಿಹೋಗುವಂತೆ ಅರಚಿದ.

ಅಪ್ಪ ನೇರವಾಗಿ ಬಂದು ಹುಡುಗನ ಎದುರು ನಿಂತ. "ಯಾರ್ನ ಮಾಡಾಕತ್ತೀಯೋ?"

"ನಿಮ್ಮನ್ನ ರೀ."

ಅಪ್ಪ ಎಲ್ಲರನ್ನೂ ಒಂದು ಸಲ ನೋಡಿದ. "ನಾ ಹಿಂಗ ಒದರ್ತೀನೇನು? ನನಗ ಸಿಟ್ಟು ಬಂದ್ರ ಮೊದ್ಲ ಮೀಸಿ ಮ್ಯಾಲೆ ಕೈ. ಆಮ್ಯಾಲೆ ಒಂದ ಮಾತು, ಸಣ್ಣ ದನಿಯಾಗ. ಸರಿ ಅತ್ತಾಗ, ತೋರಸ್ತೀನಿ." ಹುಡುಗನನ್ನು ಪಕ್ಕಕ್ಕೆ ನೂಕಿ, ಮೀಸೆಯ ಮೇಲೆ ಕೈಯಿಟ್ಟು, "ಸಾಲಿ ಸಾಕು" ಎಂದ. ನಿಜಕ್ಕೂ ನನ್ನ ಮೈ ಜುಂ ಎಂದಿತು.

ನಾಟಕದ ಮಗಳೂ ಅವನ ಮಗಳೇ, ತನ್ನ ಮಾತನ್ನು ಬಾಯಿಪಾಠ ಮಾಡಿದ್ದಳು. ಹಿಂದೆ ಸರಿಯದೆ ಹೇಳಿದಳು, "ಬಸ್ ನಿಂದ್ರಲಿಲ್ಲಂದ್ರ ತಪ್ಪು ಬಸ್ಸಿಂದಪ್ಪ. ಸಾಲಿ ನಾ ಯಾಕ ಬಿಡ್ಲಿ?"

ಅಪ್ಪ ಮೀಸೆಯಿಂದ ಕೈ ತೆಗೆದ. ನನ್ನ ಕಡೆ ತಿರುಗಿ, "ಮಾಸ್ತರ, ಇದಕ್ಕ ನನ್ನ ಮಾತು ಏನೈತಿ?" ಎಂದು ಕೇಳಿದ.

"ಅದನ್ನಿನ್ನೂ ಬರದಿಲ್ರಿ" ಎಂದೆ.

ಅವನು ಅರ್ಜಿಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡ. "ಎಳ್ಳಮಾಸಿ ತನಕ ಟೈಮ್ ಕೊಟ್ಟೀನಿ. ಅಷ್ಟರಾಗ ಬಸ್ ನಿಂತ್ರ ಛಲೋ ಆತು. ಇಲ್ಲಂದ್ರ ನನ್ನ ಮಾತು ನೀವು ಬರಿಯೋದ ಬ್ಯಾಡ, ನಾನ ಬಂದು ಹೇಳ್ತೀನಿ."

೪. ಪತ್ರ

ಎಳ್ಳಮಾವಾಸ್ಯೆಗೆ ಮೂರು ವಾರ ಉಳಿದಿತ್ತು. ಪತ್ರಲೇಖನ ಕಲಿಸಲು ಈ ಸಲ ನಿಜವಾದ ಪೋಸ್ಟ್‌ಕಾರ್ಡುಗಳನ್ನೇ ತಂದು ಹಂಚಿದೆ. ಬೋರ್ಡಿನ ಮೇಲೆ ಪರೀಕ್ಷೆಯ ಧಾಟಿಯಲ್ಲೇ ಪ್ರಶ್ನೆ ಬರೆದೆ: ನಿಮ್ಮನ್ನು ಸಿದ್ದಾಪುರದ ಸವಿತಾ ಎಂದು ಭಾವಿಸಿಕೊಂಡು, ನಮ್ಮ ಶಾಲೆಯ ಕ್ರಾಸಿನಲ್ಲಿ ಸಂಜೆಯ ಬಸ್ಸು ನಿಲ್ಲಿಸುವಂತೆ ಕೋರಿ ಡಿಪೊ ವ್ಯವಸ್ಥಾಪಕರಿಗೆ ಮನವಿ ಪತ್ರ ಬರೆಯಿರಿ. ಉತ್ತರಪತ್ರಿಕೆಯಲ್ಲಿ ಸ್ವಂತ ಹೆಸರು ಕಾಣಬಾರದೆಂಬುದು ಪರೀಕ್ಷೆಯ ನಿಯಮ. ಸ್ವಂತ ಹೆಸರು ಬರೆದವರಿಗೆ ಅಂಕ ಕಟ್ ಎಂದು ಹೆದರಿಸಿಯೂ ಇಟ್ಟೆ.

ಮೂವತ್ತೆಂಟು ಕಾರ್ಡು ಬಂದವು. ಕೆಂಪು ಪೆನ್ನು ಹಿಡಿದು ಶ್ರದ್ಧೆಯಿಂದ ತಿದ್ದಿದೆ. ಐದಕ್ಕೆ ನಾಲ್ಕು, ಐದಕ್ಕೆ ಮೂರೂವರೆ. ಕೆಲವರಿಗೆ "ವಿಳಾಸ ಸ್ಪಷ್ಟವಾಗಿರಲಿ" ಎಂದೂ, ಕೆಲವರಿಗೆ "ಸಪ್ಪೆಯಾಗಿದೆ, ಇನ್ನೂ ಖಾರವಾಗಿ ಬರೆ" ಎಂದೂ ಬರೆದು, ಕೆಳಗೆ ನನ್ನ ಸಹಿ ಹಾಕಿ ವಾಪಸು ಕೊಟ್ಟೆ.

ಒಂದು ವಾರದ ಮೇಲೆ, "ಆ ಕಾರ್ಡು ತರ್ರಿ, ಮತ್ತೊಮ್ಮೆ ನೋಡೋಣ" ಎಂದೆ. ಒಬ್ಬರ ಹತ್ತಿರವೂ ಇರಲಿಲ್ಲ.

"ಎಲ್ಲಿ ಹೋದ್ವು?"

ಮೀಸೆ ಚಿಗುರಿದ ಹುಡುಗ ಎದ್ದು ನಿಂತ. "ಪೋಸ್ಟಿನ ಡಬ್ಬಿಗೆ ಹಾಕೀವ್ರಿ ಸರ್."

"ಯಾರು ಹಾಕ ಅಂದ್ರು?"

"ವಿಳಾಸ ಬರದೀವಿ, ನೀವು ತಿದ್ದೀರಿ, ಸಹಿನೂ ಮಾಡೀರಿ. ಇನ್ನ ಹಾಕೋದೊಂದ ಉಳದಿತ್ತು ನೋಡ್ರಿ" ಎಂದ. ನಾನು ಕುರ್ಚಿ ಹುಡುಕಿಕೊಂಡು ಕೂತೆ. ಅಂದೇ ಸಂಜೆ ಬಿಪಿ ನೋಡಿಸಿಕೊಂಡದ್ದು.

೫. ಸವಿತಾ ಯಾರು?

ಅಮಾವಾಸ್ಯೆಗೆ ಹತ್ತು ದಿನವಿರುವಾಗ ಜೀಪು ಬಂತು. ಡಿಪೊದ ಸಾಹೇಬರು ಕಾರ್ಡುಗಳ ಕಟ್ಟನ್ನು ಹೆಡ್‌ಮಾಸ್ತರ ಮೇಜಿನ ಮೇಲೆ ಎಸೆದರು. "ಸಿದ್ದಾಪುರದಾಗ ಎರಡು ದಿನ ನಮ್ಮ ಮಂದಿ ಸವಿತಾನ್ನ ಹುಡುಕ್ಯಾರ. ಇಲ್ಲಿ ನೋಡಿದ್ರ ಮಾಸ್ತರ ಸಹಿ! ಸರ್ಕಾರಿ ನೌಕರ ಆಗಿ ಇನ್ನೊಂದು ಇಲಾಖೆ ಮ್ಯಾಲೆ ಖಾರವಾಗಿ ಬರೆ ಅಂತೀರಿ? ಮ್ಯಾಲೆ ರಿಪೋರ್ಟ್ ಮಾಡ್ತೀನಿ!"

ಹೆಡ್‌ಮಾಸ್ತರು, "ನನಗೇನೂ ಗೊತ್ತಿಲ್ರಿ ಸಾಹೇಬ್ರ, ನಾ ಇಂಗ್ಲಿಷ್ ಮಾಸ್ತರ" ಎಂದು ದೂರ ಸರಿದು ನಿಂತರು.

ಸಾಹೇಬರು ತರಗತಿಗೇ ನುಗ್ಗಿದರು. "ಸವಿತಾ ಯಾರು? ಎದ್ದು ನಿಂದ್ರು!"

ತಪ್ಪು ನನ್ನದೇ ಎಂದು ಒಪ್ಪಿಕೊಳ್ಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಮೂರನೇ ಬೆಂಚಿನ ಹುಡುಗಿ ಎದ್ದಳು. "ನಾನ ರೀ." ಅವಳ ಪಕ್ಕದವಳು ಎದ್ದು, "ನಾನೂ ರೀ" ಎಂದಳು. ಹಿಂದಿನ ಬೆಂಚು ಎದ್ದಿತು. ನೋಡನೋಡುತ್ತ ಮೂವತ್ತೆಂಟೂ ಮಂದಿ ಎದ್ದು ನಿಂತರು.

ಸಾಹೇಬರು ಮೀಸೆ ಚಿಗುರಿದ ಹುಡುಗನ ಹತ್ತಿರ ಹೋದರು. "ನೀನೂ ಸವಿತಾ ಏನಲೇ?"

"ಹೌದ್ರಿ. ಸರ್ ಹಂಗ ಭಾವಿಸ್ಕೋರಿ ಅಂದಾರ್ರಿ. ಸ್ವಂತ ಹೆಸರು ಹಾಕಿದ್ರ ಅಂಕ ಕಟ್ ರೀ."

ಸಾಹೇಬರ ಸಿಟ್ಟು ಎಲ್ಲಿ ಇಳಿಯಬೇಕೆಂದು ತಿಳಿಯದೆ ಗಂಟಲಲ್ಲೇ ನಿಂತಿತು. ಆಗ ಆ ಹುಡುಗಿ, "ಹೆಸರು ಸುಳ್ಳರಿ ಸಾಹೇಬ್ರ, ಬಸ್ ನಿಂದ್ರದಿರೋದು ಖರೇ ಐತ್ರಿ. ಐದಕ್ಕ ಬಂದು ನೋಡ್ರಿ" ಎಂದಳು.

"ನೋಡೇ ಬಿಡೋಣ" ಎಂದರು. ಐದಕ್ಕೆ ನಾವೆಲ್ಲ ಕ್ರಾಸಿನಲ್ಲಿ ನಿಂತೆವು. ದೂರದಲ್ಲಿ ಬಸ್ಸು ಕಂಡಿತು. ಸಾಹೇಬರು ಒಂದು ಹೆಜ್ಜೆ ಮುಂದೆ ಬಂದು ಗತ್ತಿನಿಂದ ಕೈ ಮಾಡಿದರು. ಬಸ್ಸು ಇದ್ದ ವೇಗದಲ್ಲೇ ಅವರ ಮೂಗಿನ ಮುಂದೆ ಹಾದು ಹೋಯಿತು. ಧೂಳು ಇಳಿದ ಮೇಲೆ ಸಾಹೇಬರ ಮುಖ ಗುರುತು ಸಿಗಲಿಲ್ಲ. ನಗಲು ಯಾರಿಗೂ ಧೈರ್ಯವಿರಲಿಲ್ಲ.

ಮೀಸೆ ಚಿಗುರಿದ ಹುಡುಗ ಮಾತ್ರ ಮೆಲ್ಲಗೆ ಹೇಳಿದ, "ಈಗ ಸಾಹೇಬ್ರೂ ಸವಿತಾ ಆದ್ರು ನೋಡ್ರಿ."

೬. ಆದೇಶ

ನನ್ನ ಮೇಲೆ ರಿಪೋರ್ಟ್ ಹೋಗಲಿಲ್ಲ. ಬದಲಿಗೆ ಡಿಪೊದಿಂದ ಆದೇಶ ಬಂತು. ಕಡತದಲ್ಲಿ ಅರ್ಜಿದಾರರ ಹೆಸರು ಒಂದೇ ಇತ್ತಲ್ಲ, ಅಲ್ಲಿಯ ಗುಮಾಸ್ತರು ಹಾಗೇ ಬರೆದಿದ್ದರು: ಸಿದ್ದಾಪುರದ ಕುಮಾರಿ ಸವಿತಾ ಇವರ ಮನವಿಯ ಮೇರೆಗೆ ಸಂಜೆಯ ಬಸ್ಸನ್ನು ಕ್ರಾಸಿನಲ್ಲಿ ನಿಲ್ಲಿಸಿ, ಸದರಿ ವಿದ್ಯಾರ್ಥಿನಿಯನ್ನು ಹತ್ತಿಸಿಕೊಳ್ಳತಕ್ಕದ್ದು.

ಬಸ್ಸು ನಿಲ್ಲತೊಡಗಿತು. ಆದರೆ ಕಂಡಕ್ಟರ್ ಆದೇಶವನ್ನು ಅಕ್ಷರಶಃ ಪಾಲಿಸುವ ಮನುಷ್ಯ. ದಿನಾ ಬಾಗಿಲಲ್ಲಿ ನಿಂತು, "ಸವಿತಾ ಬಂದಳೇನು?" ಎಂದು ಕೇಳುತ್ತಿದ್ದ. ಹುಡುಗಿಯರು ಪಾಳಿ ಹಚ್ಚಿಕೊಂಡು ದಿನಕ್ಕೊಬ್ಬಳು "ನಾನ ರೀ" ಎನ್ನುತ್ತಿದ್ದರು, ಉಳಿದವರು ಅವಳ ಹಿಂದೆಯೇ ಹತ್ತುತ್ತಿದ್ದರು. ಸವಿತಾ ಇದ್ದರೆ ಬಸ್ಸು ನಿಲ್ಲುತ್ತಿತ್ತು, ಇಲ್ಲವಾದರೆ ರೈಟ್.

ಎಳ್ಳಮಾವಾಸ್ಯೆಯ ಮುನ್ನಾ ದಿನ. ಹಾಳಾದ್ದು, ಅಂದೇ ನಾಟಕದ ತಾಲೀಮು ಉದ್ದವಾಯಿತು. ಗಡಿಯಾರ ನೋಡಿದರೆ ಐದಕ್ಕೆ ಎರಡು ನಿಮಿಷ! "ಓಡ್ರಿ!" ಎಂದು ಕೂಗಿ, ಬಸ್ಸು ತಡೆಯಲು ನಾನು ಬೈಕಿನಲ್ಲಿ ಮುಂದೆ ಹೋದೆ. ಕ್ರಾಸಿನಲ್ಲಿ ಯಾರು ನಿಂತಿರಬೇಕು? ಆ ಹುಡುಗಿಯ ಅಪ್ಪ. ಗಡುವಿನ ದಿನ ಬಸ್ಸು ನಿಲ್ಲುತ್ತದೋ ಇಲ್ಲವೋ ಎಂದು ಕಣ್ಣಾರೆ ನೋಡಲು ಬಂದಿದ್ದ. ಅವನ ಕಿಸೆಯಿಂದ ಅದೇ ಮಡಚಿದ ಅರ್ಜಿ ಇಣುಕುತ್ತಿತ್ತು.

ಬಸ್ಸು ಬಂತು, ನಿಂತಿತು. ಹುಡುಗಿಯರು ಇನ್ನೂ ಅರ್ಧ ದಾರಿಯಲ್ಲಿ ಏದುಸಿರು ಬಿಡುತ್ತ ಓಡಿಬರುತ್ತಿದ್ದರು.

"ಸವಿತಾ ಬಂದಳೇನು?" ಕಂಡಕ್ಟರ್ ಕೇಳಿದ.

"ಬರಾಕತ್ತಾಳ್ರಿ, ಒಂದ ನಿಮಿಷ" ಎಂದು ಬೇಡಿಕೊಂಡೆ.

"ಟೈಮ್ ಆತ್ರಿ. ಸವಿತಾ ಇಲ್ಲಂದ್ರ ನಿಂದ್ರಾಕ ಆರ್ಡರ್ ಇಲ್ಲ. ರೈಟ್..." ಎಂದು ಅವನು ಬೆಲ್ಲಿನ ಹಗ್ಗಕ್ಕೆ ಕೈ ಹಾಕಿದ. ಬಸ್ಸು ಇವತ್ತು ಹೋದರೆ ಆ ಅರ್ಜಿ ನಾಳೆ ಕಿಸೆಯಿಂದ ಹೊರಬರುತ್ತದೆ.

ಅಪ್ಪ ಒಂದು ಕಾಲನ್ನು ಬಸ್ಸಿನ ಮೆಟ್ಟಿಲ ಮೇಲಿಟ್ಟ. ಮೀಸೆಯ ಮೇಲೆ ಕೈಯಿಟ್ಟ. ಸಣ್ಣ ದನಿಯಲ್ಲಿ ಹೇಳಿದ, "ನಾನ ಸವಿತಾ."

ಕಂಡಕ್ಟರ್ ಆ ಮೀಸೆಯನ್ನೇ ನೋಡಿದ. "ಸಿದ್ದಾಪುರದಾಕೀನ?"

"ಹೂಂ, ಸಿದ್ದಾಪುರದಾಕಿ. ನನ್ನ ಗೆಳತ್ಯಾರು ಎಂಟು ಮಂದಿ ಹಿಂದ ಓಡಿ ಬರಾಕತ್ತಾರ. ಅವ್ರು ಹತ್ತೂತನಕ ಈ ಕಾಲು ತಗಿಯಂಗಿಲ್ಲ."

ಕಂಡಕ್ಟರ್ ಹಗ್ಗ ಬಿಟ್ಟ. "ಆತು, ಒಳಗ ಬಾರವಾ" ಎಂದ.

ಎಂಟೂ ಹುಡುಗಿಯರು ಹತ್ತಿದರು. ಬಸ್ಸು ಹೊರಟಿತು. ಅಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ, ಕಿಸೆಯ ಅರ್ಜಿಯನ್ನು ಹರಿದು ಗಾಳಿಗೆ ತೂರಿ ಕೂಗಿದ, "ಮಾಸ್ತರ, ನಾಟಕದಾಗ ನನ್ನ ಮಾತು ಖಾಲಿ ಇತ್ತಲ್ಲ? 'ನಾನ ಸವಿತಾ' ಅಂತ ಬರಕೋರಿ!"