ನಲವತ್ತೆಂಟನೆಯ ನಿದ್ದೆ

ಲವಾನ್: ಹಾಸಿಗೆ ಎಲ್ಲಿದ್ರೆ ನನಗೇನು ಮಾರಾಯ, ಬಾಗಿಲು ಎಲ್ಲಿದೆ ಹೇಳು.

ಎಲ್ಡನ್: ಬಾಗಿಲು ಯೂಟಾದಲ್ಲಿದೆ. ಅದನ್ನ ಯಾರು ಇಲ್ಲ ಅಂದ್ರು?

ಲವಾನ್: ಬಾಗಿಲು ಇರೋ ಕಡೆನೇ ವಿಳಾಸ. ಮೂವತ್ತೊಂದು ವರ್ಷ ಅಂಚೆ ಕಚೇರಿ ಕೌಂಟರಿನಲ್ಲಿ ಕೂತವಳಿಗೆ ನೀನು ವಿಳಾಸ ಹೇಳಿಕೊಡಬೇಡ.

ಎಲ್ಡನ್: ಕಾಗದ ಬರೋದು ಬಾಗಿಲಿಗೆ ಲವಾನ್. ನಿದ್ದೆ ಬರೋದು ಹಾಸಿಗೆಗೆ. ಹಾಸಿಗೆ ಅರಿಜೋನಾದಲ್ಲಿದೆ.

ಗಂಡಹೆಂಡಿರಿಬ್ಬರೂ ಬೆಳಗಿನ ಬಿಸಿಲಿಗೆ ಬೆನ್ನು ಕೊಟ್ಟು ತಮ್ಮ ಮನೆಗಾಡಿಯ ಹಿಂದೆ ನಿಂತಿದ್ದರು. ಮೂವತ್ತೊಂದು ಅಡಿ ಉದ್ದದ ಆ ಗಾಡಿಯ ಹೆಸರು ಹಿಲ್ಡಾ. ಅದು ಲವಾನಳ ತೀರಿಹೋದ ಚಿಕ್ಕಮ್ಮನ ಹೆಸರು. ಏರು ಹತ್ತುವಾಗ ಇಬ್ಬರಿಗೂ ಒಂದೇ ಬಗೆಯ ಏದುಸಿರು ಎಂದು ಎಲ್ಡನ್ನನೇ ಇಟ್ಟದ್ದು. ಹಿಲ್ಡಾಳ ಹೊಟ್ಟೆಯ ಕೆಳಗೆ ಸುಣ್ಣ ಬಳಿದ ಕಲ್ಲುಗಳ ಸಾಲೊಂದು ಹಾದುಹೋಗಿತ್ತು. ಕಲ್ಲಿನ ಆಚೆ ಬದಿಗೆ ಯೂಟಾ ಎಂಬ ಹಲಗೆ, ಈಚೆ ಬದಿಗೆ ಅರಿಜೋನಾ ಎಂಬ ಹಲಗೆ. ದೂರದಲ್ಲಿ ಕೆಂಪು ಬಂಡೆಗಳು ಯಾರ ತಂಟೆಗೂ ಹೋಗದೆ ನಿಂತಿದ್ದವು.

ಜಗಳದ ಮೂಲ ಹಿಲ್ಡಾಳ ಬೆನ್ನ ಮೇಲೆಯೇ ಇತ್ತು. ಅಲ್ಲಿ ಇಡೀ ದೇಶದ ನಕಾಶೆ. ಯಾವ ರಾಜ್ಯದಲ್ಲಿ ರಾತ್ರಿ ಮಲಗಿ ಎದ್ದರೋ ಆ ರಾಜ್ಯದ ಆಕಾರದ ಬಣ್ಣದ ಸ್ಟಿಕ್ಕರನ್ನು ಅದರ ಜಾಗದಲ್ಲಿ ಅಂಟಿಸಬೇಕು. ಗಾಡಿ ಹೋಗಲಾರದ ಹವಾಯಿಯನ್ನೂ, ಚಳಿಗೆ ಹೆದರಿ ಲವಾನ್ ಒಲ್ಲೆನೆಂದ ಅಲಾಸ್ಕಾವನ್ನೂ ಮೊದಲೇ ಕೈಬಿಟ್ಟಿದ್ದರು. ಉಳಿದದ್ದು ನಲವತ್ತೆಂಟು. ಎಂಟು ವರ್ಷದಲ್ಲಿ ನಲವತ್ತೇಳು ತುಂಬಿ, ಈಗ ಹಲ್ಲು ಬಿದ್ದ ಬಾಯಿಯಂತೆ ಯೂಟಾ ಒಂದೇ ಖಾಲಿ. ನಕಾಶೆ ತುಂಬಿದ ದಿನ ಹಿಲ್ಡಾಳನ್ನು ಮಾರಿ, ಅಯೋವಾದಲ್ಲಿ ಲವಾನಳ ತಂಗಿ ಜಾನೆಲಳ ಪಕ್ಕದ ಮನೆಗೆ ಹೋಗಿ ನೆಲೆಸುವುದು ಎಂದು ಎಲ್ಡನ್ ಮಾತು ಕೊಟ್ಟಿದ್ದ. ಆ ಮನೆ ಈಗ ಖಾಲಿಯಾಗಿತ್ತು. ಇವತ್ತು ಮಧ್ಯಾಹ್ನದೊಳಗೆ ಹೂಂ ಅಥವಾ ಊಹೂಂ ಹೇಳಿ ಎಂದು ಜಾನೆಲ್ ಗಡುವು ಕೊಟ್ಟಿದ್ದಳು.

ಎಲ್ಡನ್ನನಿಗೆ ಆ ಮನೆ ಬೇಡ. ನಲವತ್ತು ವರ್ಷ ಹಾಲಿನ ಲಾರಿ ಓಡಿಸಿದವನು ಅವನು. ದಿನಾ ಅದೇ ಅರವತ್ತು ಮೈಲಿ, ಅದೇ ಕೊಟ್ಟಿಗೆಗಳು, ಸಂಜೆಗೆ ಮತ್ತೆ ಹೊರಟಲ್ಲಿಗೇ. ಹೊರಟಲ್ಲಿಗೆ ವಾಪಸು ಬರದ ರಸ್ತೆಯ ರುಚಿ ಅವನಿಗೆ ಸಿಕ್ಕಿದ್ದೇ ಅರವತ್ತಾರರ ಮೇಲೆ. ಜಾನೆಲಳ ಪಕ್ಕದ ಮನೆಯ ಅಡುಗೆಮನೆ ಕಿಟಕಿಯಿಂದ ಕಾಣುವುದು ಜಾನೆಲಳ ಗ್ಯಾರೇಜಿನ ಗೋಡೆ. ಅದಕ್ಕೇ ನಿನ್ನೆ ಸಂಜೆ ಗಾಡಿಯನ್ನು ಮೂರು ಸಲ ಹಿಂದೆ ಮುಂದೆ ಮಾಡಿ, ಹಾಸಿಗೆ ಸರಿಯಾಗಿ ಕಲ್ಲಿನ ಸಾಲಿನ ಈಚೆ ಬರುವಂತೆ ನಿಲ್ಲಿಸಿದ್ದ. ಕೇಳಿದ್ದಕ್ಕೆ ನೆಲ ಸಮ ಇಲ್ಲ ಎಂದಿದ್ದ.

ಲವಾನ್: ಮೂರು ವಾರದಿಂದ ಅರಿಜೋನಾದಲ್ಲೇ ಗಿರಕಿ ಹೊಡೆಸಿದೆ. ನೋಡಿದ ಬಂಡೆನೇ ಇನ್ನೊಂದು ಬದಿಯಿಂದ ತೋರಿಸಿ ಇದು ಬೇರೆ ಪಾರ್ಕು ಅಂದೆ. ನಾನು ಸುಮ್ಮನಿದ್ದೆ.

ಎಲ್ಡನ್: ಅದು ಬೇರೆ ಪಾರ್ಕೇ. ಮೊದಲನೇದ್ರಲ್ಲಿ ಶೌಚಾಲಯ ಎಡಕ್ಕಿತ್ತು.

ಲವಾನ್: ಇವತ್ತು ಸುಮ್ಮನಿರಲ್ಲ. ನೀನು ಚಾಪೆ ಕೆಳಗೆ ತೂರಿದ್ರೆ ನಾನು ರಂಗೋಲಿ ಕೆಳಗೆ ತೂರ್ತೀನಿ. ರಾತ್ರಿ ನಾನೆಲ್ಲಿ ಮಲಗಿದ್ದೆ?

ಎಲ್ಡನ್: ಎಲ್ಲಿ ಅಂದ್ರೆ? ನನ್ನ ಪಕ್ಕ.

ಲವಾನ್: ಹನ್ನೊಂದು ಗಂಟೆವರೆಗೆ ನಿನ್ನ ಪಕ್ಕ. ಆಮೇಲೆ ನಿನ್ನ ಗೊರಕೆಗೆ ತಟ್ಟೆಗಳು ನಡುಗೋದಕ್ಕೆ ಶುರುವಾಯ್ತು. ದಿಂಬು ತಗೊಂಡು ಮುಂದೆ ಸೋಫಾಗೆ ಹೋದೆ. ಸೋಫಾ ಯಾವ ರಾಜ್ಯದಲ್ಲಿದೆ?

ಎಲ್ಡನ್ ಬಗ್ಗಿ ಹಿಲ್ಡಾಳ ಕೆಳಗೆ ನೋಡಿದ. ಸೋಫಾ ಯೂಟಾದೊಳಗೆ ಹತ್ತು ಅಡಿ ಇತ್ತು. ಸೋಫಾದ ಸಂಗತಿ ಅವನ ಯೋಜನೆಯಲ್ಲಿ ಇರಲೇ ಇಲ್ಲ.

ಎಲ್ಡನ್: ಸರಿ. ನೀನು ಯೂಟಾದಲ್ಲಿ ಮಲಗಿದೆ. ಸಂತೋಷ. ಆದ್ರೆ ಕಪಾಟಿನ ಬಾಗಿಲ ಮೇಲೆ ನಿನ್ನ ಕೈಯಾರೆ ಏನು ಬರೆದಿದೀಯ? ನಿಯಮ ಒಂದು: ಸುಮ್ಮನೆ ಹಾದುಹೋದರೆ ಲೆಕ್ಕಕ್ಕಿಲ್ಲ. ನಿಯಮ ಎರಡು?

ಲವಾನ್: ಇಬ್ಬರೂ ಮಲಗಬೇಕು.

ಎಲ್ಡನ್: ಇನ್ನೊಂದ್ಸಲ ಹೇಳು.

ಲವಾನ್: ಇಬ್ಬರೂ ಮಲಗಬೇಕು. ಕಿವಿ ಸರಿಯಾಗೇ ಇದೆ ನಿನಗೆ.

ಎಲ್ಡನ್: ನೀನು ಯೂಟಾದಲ್ಲಿ, ನಾನು ಅರಿಜೋನಾದಲ್ಲಿ. ಇಬ್ಬರೂ ಒಂದೇ ರಾಜ್ಯದಲ್ಲಿ ಮಲಗಲಿಲ್ಲ. ನಿಯಮ ಅಂದ್ರೆ ನಿಯಮ. ನಾನೇನು ಮಾಡಲಿ?

ಲವಾನ್: ನಿದ್ದೆ ಅಂದ್ರೆ ನಿದ್ದೆ ಕಣೋ. ಹತ್ತಡಿ ಆಚೆ ಈಚೆ ಆದ್ರೆ ಏನಾಗುತ್ತೆ?

ಎಲ್ಡನ್: ಇಬ್ಬರೂ ಒಟ್ಟಿಗೆ ಮಲಗಿದ್ರೆ ಅದರ ಗತ್ತೇ ಬೇರೆ. ಡೆಲವೇರ್‌ನಲ್ಲಿ ಮಲಗಿದ್ವಲ್ಲ, ಅದು ನಿದ್ದೆ. ಬೆಳಿಗ್ಗೆ ಎದ್ದಾಗ ಯಾವ ಊರಲ್ಲಿದೀನಿ ಅನ್ನೋದೇ ನನಗೆ ಮರೆತುಹೋಗಿತ್ತು.

ಲವಾನ್ ಕೈಯಲ್ಲಿದ್ದ ಯೂಟಾದ ಸ್ಟಿಕ್ಕರನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿದಳು. ತನ್ನ ಮಾತು ಎಲ್ಲೋ ಸರಿಯಾಗಿ ನಾಟಿತು ಎಂದುಕೊಂಡ ಎಲ್ಡನ್ ಎದೆಯುಬ್ಬಿಸಿ ನಿಂತ.

ಲವಾನ್: ನಿಯಮ ಮೂರು ಏನು?

ಎಲ್ಡನ್: ಮೂರು... ಅದು ಹಳೇದು.

ಲವಾನ್: ಜಗಳ ಆದ್ರೆ ಮೂರನೆಯವರು ಹೇಳಿದ್ದೇ ಕೊನೆ. ಅಗೋ, ಮೂರನೆಯವರೇ ಬರ್ತಿದಾರೆ.

ಬರುತ್ತಿದ್ದವಳು ಅರ್ಲೀನ್. ಮನೆಗಾಡಿಗಳು ತಂಗುವ ಈ ಬಿಡಾರದ ಒಡತಿ, ಇದೇ ಮಣ್ಣಿನಲ್ಲಿ ಹುಟ್ಟಿ ಬೆಳೆದ, ನವಾಹೊ ಎಂಬ ಮೂಲನಿವಾಸಿ ಬುಡಕಟ್ಟಿನ ಹೆಂಗಸು. ಅರವತ್ತು ದಾಟಿದ್ದರೂ ನಡಿಗೆ ಗಟ್ಟಿ. ಕೈಯಲ್ಲಿ ಸ್ಪ್ಯಾನರು ಹಿಡಿದು ಒಂದೊಂದೇ ನೀರಿನ ನಲ್ಲಿಯನ್ನು ನೋಡಿಕೊಂಡು ಬರುತ್ತಿದ್ದಳು.

ಅರ್ಲೀನ್: ಏನು, ನಲ್ಲಿ ಸೋರ್ತಿದೆಯಾ?

ಎಲ್ಡನ್: ನಲ್ಲಿ ಸರಿಯಾಗಿದೆ. ರಾತ್ರಿ ನಾವು ಯಾವ ರಾಜ್ಯದಲ್ಲಿ ಮಲಗಿದ್ವಿ ಅನ್ನೋದು ಗೊತ್ತಾಗ್ತಿಲ್ಲ.

ಅರ್ಲೀನ್: ಏನು ಕುಡಿದಿದ್ರಿ?

ಲವಾನ್: ಹಾಲು.

ಲವಾನ್ ನಕಾಶೆ ತೋರಿಸಿದಳು, ನಿಯಮಗಳನ್ನು ಹೇಳಿದಳು, ಸೋಫಾದ ಸಂಗತಿಯನ್ನೂ ಮುಚ್ಚಿಡಲಿಲ್ಲ. ಎಲ್ಡನ್ ನಡುನಡುವೆ ಹಾಸಿಗೆಯ ಕಡೆಗೆ ಬೆರಳು ತೋರಿಸುತ್ತಿದ್ದ. ಅರ್ಲೀನ್ ಮುಖದಲ್ಲಿ ಒಂದು ಗೆರೆಯೂ ಕದಲದಂತೆ ಎಲ್ಲವನ್ನೂ ಕೇಳಿದಳು.

ಅರ್ಲೀನ್: ನಮ್ಮಜ್ಜಿ ಕುರಿಗಳು ಹುಲ್ಲು ಮೇಯ್ತಿದ್ದದ್ದು ಒಂದು ರಾಜ್ಯದಲ್ಲಿ, ನೀರು ಕುಡೀತಿದ್ದದ್ದು ಇನ್ನೊಂದ್ರಲ್ಲಿ. ಅವಕ್ಕೆ ಯಾರೂ ಸ್ಟಿಕ್ಕರ್ ಕೊಡ್ಲಿಲ್ಲ. ಗೆರೆ ಎಳೆದೋರು ಕುರಿಯನ್ನೂ ಕೇಳಲಿಲ್ಲ, ಅಜ್ಜಿಯನ್ನೂ ಕೇಳಲಿಲ್ಲ.

ಎಲ್ಡನ್: ಅದು ಸರಿ. ಆದ್ರೆ ಗೆರೆ ಅಂತೂ ಇದೆಯಲ್ಲ. ಇಲ್ಲೇ ಇದೆ, ಬಿಳೀ ಕಲ್ಲು.

ಅರ್ಲೀನ್: ಈ ಕಲ್ಲಾ? ಇದು ನಮ್ಮ ಯಜಮಾನ್ರು ಜೋಡಿಸಿದ್ದು.

ಎಲ್ಡನ್: ಗಡಿ ಮೇಲೆ ತಾನೆ?

ಅರ್ಲೀನ್: ಗಡಿ ಇರೋದು ಅಲ್ಲಿ, ಕುರಿ ದೊಡ್ಡಿಯಿಂದ ಆಚೆ. ಮೊದಲು ಕಲ್ಲೂ ಅಲ್ಲೇ ಇತ್ತು. ಬಂದೋರೆಲ್ಲ ಒಂದು ಕಾಲು ಅಲ್ಲಿ, ಒಂದು ಕಾಲು ಇಲ್ಲಿ ಇಟ್ಕೊಂಡು ಫೋಟೋ ಹೊಡ್ಕೊತಾರಲ್ಲ. ಅಲ್ಲಿ ನಿಂತ್ರೆ ಹಿಂದೆ ಬಂಡೆ ಬದಲು ದೊಡ್ಡಿ ಬರ್ತಿತ್ತು. ಜನ ಗೊಣಗಿದ್ರು. ಅದಕ್ಕೆ ಕಲ್ಲನ್ನ ಇಲ್ಲಿಗೆ ತಂದ್ವಿ.

ಎಲ್ಡನ್: ಗಡಿನ ಹಾಗೆಲ್ಲ ಎತ್ತಿಟ್ಟರೆ ಹೇಗೆ?

ಅರ್ಲೀನ್: ನಿಮ್ಮೋರು ಎತ್ತಿಟ್ಟಿದ್ದಕ್ಕಿಂತ ಕಮ್ಮಿನೇ ಎತ್ತಿಟ್ಟಿದೀವಿ.

ಲವಾನ್: ಹಾಗಾದ್ರೆ ಈ ಜಾಗ?

ಅರ್ಲೀನ್: ಹಾಸಿಗೆ, ಸೋಫಾ, ನಲ್ಲಿ, ನಾನು, ಎಲ್ಲಾ ಯೂಟಾದಲ್ಲೇ. ನಿನ್ನೆ ಸಂಜೆ ಇವರು ಕಲ್ಲಿನ ಹತ್ರ ಅತ್ತಿಂದಿತ್ತ ಹೆಜ್ಜೆ ಅಳೀತಿದ್ರಲ್ಲ, ಆಗ್ಲೇ ಕೇಳಿದ್ರೆ ಹೇಳ್ತಿದ್ದೆ. ವಯಸ್ಸಾದೋರು, ವ್ಯಾಯಾಮ ಇರಬೇಕು ಅಂದುಕೊಂಡೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಎಲ್ಡನ್ ತನ್ನ ಬೂಟುಗಳನ್ನು ನೋಡಿಕೊಂಡ. ಕೆಂಪು ಧೂಳು ಇನ್ನೂ ಮೆತ್ತಿಕೊಂಡಿತ್ತು. ಅರ್ಲೀನ್ ಪಕ್ಕದ ನಲ್ಲಿಯತ್ತ ಹೋಗಿ ಅದರ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತಳು. ಆ ನಲ್ಲಿಯೂ ಸೋರುತ್ತಿರಲಿಲ್ಲ.

ಲವಾನ್ ಬೈಯಲಿಲ್ಲ. ಯೂಟಾವನ್ನು ಅವನ ಕೈಗೆ ಕೊಟ್ಟಳು, ಅಷ್ಟೆ. ಬೈದಿದ್ದರೇ ವಾಸಿಯಿತ್ತು ಎನಿಸಿತು ಅವನಿಗೆ.

ಎಲ್ಡನ್: ನೀನೇ ಅಂಟಿಸು. ನನ್ನ ಕನ್ನಡಕ ಒಳಗಿದೆ.

ಲವಾನ್: ಕನ್ನಡಕ ಮೂಗಿನ ಮೇಲಿದೆ. ನಲವತ್ತೇಳನ್ನೂ ಇಬ್ಬರೂ ಸೇರಿ ಅಂಟಿಸಿದೀವಿ. ಬಾ.

ಒಂದು ಮೂಲೆ ಮುರಿದುಕೊಂಡ ರೊಟ್ಟಿಯಂಥ ಯೂಟಾ ತನ್ನ ಜಾಗದಲ್ಲಿ ಸರಿಯಾಗಿ ಕುಳಿತಿತು. ಅವನು ಮೇಲಿನಿಂದ ಒತ್ತಿದ, ಅವಳು ಕೆಳಗಿನಿಂದ ಒತ್ತಿದಳು. ನಕಾಶೆ ತುಂಬಿಹೋಯಿತು. ಅಂಚಿನಲ್ಲಿ ಒಂದು ಗುಳ್ಳೆ ಉಳಿದಿತ್ತು. ಎಲ್ಡನ್ ಅದನ್ನು ಹೆಬ್ಬೆರಳಿನಿಂದ ನಿಧಾನವಾಗಿ, ಬೇಕೆಂದೇ ನಿಧಾನವಾಗಿ ಹೊರಕ್ಕೆ ತಳ್ಳುತ್ತಿದ್ದ. ಅಷ್ಟರಲ್ಲಿ ಲವಾನ್ ಗಾಡಿಯೊಳಗೆ ಹೋದಳು.

ಜಾನೆಲಳಿಗೆ ಫೋನು ಮಾಡಲು ಹೋದಳು, ಇನ್ನು ಮುಗಿಯಿತು ಎಂದುಕೊಂಡ. ಅವನಿಗೆ ದುಃಖವಾಯಿತು. ಎಪ್ಪತ್ತನಾಲ್ಕು ವರ್ಷದ ಮನುಷ್ಯ ಬಯಲಿನಲ್ಲಿ ನಿಂತು ಗಾಡಿಯ ಬೆನ್ನು ಸವರುವುದು ನೋಡುವವರಿಗೆ ನಗೆಪಾಟಲು ಎಂದು ಗೊತ್ತಿದ್ದರೂ ಸವರಿದ. ಮೊಂಟಾನಾ ಬಿಸಿಲಿಗೆ ಬಿಳಿಚಿಕೊಂಡಿತ್ತು. ಟೆಕ್ಸಾಸಿನ ತುದಿಯನ್ನು ಯಾವುದೋ ಹಕ್ಕಿ ಕುಕ್ಕಿ ಕಿತ್ತಿತ್ತು.

ಲವಾನ್ ಹೊರಗೆ ಬಂದಾಗ ಅವಳ ಕೈಯಲ್ಲಿ ಫೋನು ಇರಲಿಲ್ಲ. ಹಬೆಯಾಡುವ ಕೆಟಲು ಇತ್ತು.

ಎಲ್ಡನ್: ನನಗೆ ಕಾಫಿ ಬೇಡ.

ಲವಾನ್: ನಿನಗೆ ಯಾರು ಕೊಡ್ತೀನಿ ಅಂದ್ರು? ಆಚೆ ಸರಿ.

ಅವಳು ಕೆಟಲಿನ ಮೂತಿಯನ್ನು ನಕಾಶೆಯ ಬಲ ಅಂಚಿಗೆ ಹಿಡಿದಳು. ಅಂಟಿಸಿದ್ದನ್ನು ಹರಿಯದೆ ಬಿಡಿಸುವುದು ಅಂಚೆಯವರಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ಹಬೆ ತಾಗಿ ಹೆಬ್ಬೆರಳ ಉಗುರಿನಷ್ಟೇ ಇದ್ದ ಒಂದು ನೀಲಿ ರಾಜ್ಯ ಮೆತ್ತಗಾಯಿತು. ಅವಳು ಅದನ್ನು ಮೂಲೆಯಿಂದ ಎತ್ತಿ ಸುಲಿದು ತನ್ನ ಅಂಗೈ ಮೇಲೆ ಇಟ್ಟುಕೊಂಡಳು.

ಎಲ್ಡನ್: ಅದು ಡೆಲವೇರ್.

ಲವಾನ್: ಗೊತ್ತು.

ಎಲ್ಡನ್: ಅಲ್ಲಿ ಮಲಗಿದ್ವಲ್ಲ.

ಲವಾನ್: ನೀನು ಮಲಗಿದ್ದೆ. ಕರಿದ ಏಡಿ ತಿಂದು ಎದೆ ಉರಿ ಅಂದೆ. ಎಡಗೈ ಜೋಮು ಹಿಡಿದಿದೆ ಅಂದೆ. ಒಂದು ಮಾತ್ರೆ ನುಂಗಿ ಐದು ನಿಮಿಷಕ್ಕೆ ಗೊರಕೆ ಹೊಡೆದೆ. ಬೆಳಗಿನವರೆಗೂ ನಿನ್ನ ಎದೆ ಮೇಲೆ ಕೈ ಇಟ್ಕೊಂಡು ಕೂತಿದ್ದವಳು ನಾನು. ಒಂದು ಉಸಿರು ಬಂದ ಮೇಲೆ ಇನ್ನೊಂದು ಬರುತ್ತೋ ಇಲ್ವೋ ಅಂತ.

ಎಲ್ಡನ್: ಆಮೇಲೆ ಡಾಕ್ಟರು ಏನೂ ಇಲ್ಲ, ಬರೀ ಏಡಿ ಅಂದ್ರಲ್ಲ.

ಲವಾನ್: ಡಾಕ್ಟರು ಹೇಳಿದ್ದು ಒಂಬತ್ತು ದಿನ ಆದ್ಮೇಲೆ. ಆ ರಾತ್ರಿ ನನಗೆ ಯಾರು ಹೇಳಿದ್ರು?

ಏಳು ವರ್ಷ ಅವಳು ಇದನ್ನು ಹೇಳಿರಲಿಲ್ಲ. ಜಾನೆಲಳ ಪಕ್ಕದ ಮನೆ, ಊರ ಆಸ್ಪತ್ರೆ, ಹತ್ತಿರ ನಮ್ಮವರು ಇರಬೇಕು ಎಂಬ ಹಟ, ಎಲ್ಲ ಎಲ್ಲಿಂದ ಹೊರಟಿದ್ದವು ಎಂಬುದು ಎಲ್ಡನ್ನನಿಗೆ ಈಗ ಹೊಳೆಯಿತು.

ಎಲ್ಡನ್: ಆವತ್ತೇ ಹೇಳಬಾರದಿತ್ತಾ?

ಲವಾನ್: ಬೆಳಿಗ್ಗೆ ನೀನು ಎದ್ದು ಎಂಥಾ ನಿದ್ದೆ ಮಾರಾಯ್ತಿ ಅಂತ ಕುಣಿದಾಡ್ತಾ ಸ್ಟಿಕ್ಕರ್ ಹಿಡ್ಕೊಂಡು ನಿಂತಿದ್ದೆ. ಹೇಗೆ ಹೇಳ್ಲಿ?

ಎಲ್ಡನ್: ಮತ್ತೆ ಜಾನೆಲ್? ಮಧ್ಯಾಹ್ನದ ಗಡುವು?

ಲವಾನ್: ಬೇರೆಯವರಿಗೆ ಕೊಡು ಅಂತ ಬೆಳಿಗ್ಗೆ ಆರಕ್ಕೇ ಹೇಳಿಬಿಟ್ಟೆ.

ಎಲ್ಡನ್: ಆರಕ್ಕೇ? ಹಾಗಾದ್ರೆ ಇಷ್ಟು ಹೊತ್ತು ಬಾಗಿಲು, ವಿಳಾಸ, ಸೋಫಾ ಅಂತ ನನ್ನ ಯಾಕೆ ಅರೆದೆ?

ಲವಾನ್: ನೀನು ಎಲ್ಲಿವರೆಗೆ ಹೋಗ್ತೀಯ ನೋಡೋಣ ಅಂತ. ನಿನ್ನೆ ಪಾತ್ರೆ ತೊಳೀತಾ ಕಿಟಕಿಯಿಂದ ನೋಡಿದೆ. ಆ ಗಾಳಿಲಿ, ಆ ಮರಳಲ್ಲಿ ನೀನು ಆರು ಸಲ ಹಿಂದೆ ಮುಂದೆ ಹೆಜ್ಜೆ ಅಳೆದೆ. ಒಂದು ಸಲನೂ ನಿಲ್ಲಲಿಲ್ಲ, ಎದೆ ಹಿಡ್ಕೊಳ್ಳಲಿಲ್ಲ. ಮನೆಗೆ ಹೋಗದಿರೋಕೆ ಇಷ್ಟು ಕಸರತ್ತು ಮಾಡೋ ಗಂಡಸಿಗೆ ಏನೂ ಆಗಲ್ಲ ಅನ್ನಿಸ್ತು. ಅದಕ್ಕೇ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಎಲ್ಡನ್ ಕನ್ನಡಕ ತೆಗೆದು ಅಂಗಿಯಿಂದ ಒರೆಸಿದ. ಕೆಟಲಿನ ಹಬೆ ಎಂದು ಯಾರಿಗೋ ಕೇಳುವಂತೆ ಹೇಳಿದ. ಪಕ್ಕದ ನಲ್ಲಿಯ ಹತ್ತಿರ ಅರ್ಲೀನ್ ಎದ್ದು ನಿಂತಳು.

ಅರ್ಲೀನ್: ಡೆಲವೇರ್ ಎಲ್ಲಿದೆ?

ಎಲ್ಡನ್: ದೇಶದ ಆ ತುದಿ. ಎರಡು ಸಾವಿರ ಮೈಲಿಗೂ ಮೇಲೆ.

ಅರ್ಲೀನ್: ಹಾಗಾದ್ರೆ ನೀರು ತುಂಬಿಸ್ಕೊಳ್ಳಿ.

ಅವಳು ಹೋದ ಮೇಲೆ ಲವಾನ್ ಡೆಲವೇರನ್ನು ಕಪಾಟಿನ ಬಾಗಿಲ ಮೇಲೆ, ನಿಯಮಗಳ ಪಕ್ಕದಲ್ಲಿ ಅಂಟಿಸಿಟ್ಟಳು. ಎಲ್ಡನ್ ಸ್ಟಿಯರಿಂಗಿನ ಹಿಂದೆ ಕುಳಿತು, ಹೊಸ ಲಾರಿ ಸಿಕ್ಕ ಹುಡುಗನಂತೆ ಕನ್ನಡಿಗಳನ್ನು ಸರಿಮಾಡಿಕೊಂಡ. ಮೊದಲು ಯೂಟಾದ ಪಾರ್ಕುಗಳನ್ನು ಒಂದೊಂದಾಗಿ ನೋಡಿಯೇ ಮುಂದಕ್ಕೆ ಎಂದು ಇಬ್ಬರೂ ಜಗಳವಿಲ್ಲದೆ ಒಪ್ಪಿದರು.

ಲವಾನ್: ಆದ್ರೆ ಈಗ್ಲೇ ಹೇಳಿಬಿಡ್ತೀನಿ. ಡೆಲವೇರ್‌ನಲ್ಲಿ ಈ ಸಲ ಎಚ್ಚರ ಇರೋ ಸರದಿ ನಿಂದು. ನಾನು ಹೊದ್ಕೊಂಡು ಮಲಗ್ತೀನಿ.

ಎಲ್ಡನ್: ಇರ್ತೀನಿ. ಆದ್ರೆ ಒಬ್ಬರು ಎಚ್ಚರ ಇದ್ರೆ ಅದೂ ಲೆಕ್ಕಕ್ಕೆ ಬರಲ್ಲ ಲವಾನ್. ಮತ್ತೆ ಇನ್ನೊಂದ್ಸಲ ಹೋಗಬೇಕಾಗುತ್ತೆ.

ಲವಾನ್ ಸೀಟಿನ ಬೆಲ್ಟು ಬಿಗಿದುಕೊಂಡಳು.

ಲವಾನ್: ನಿಯಮ ಬರೆದವಳು ನಾನು. ನೀನು ಗಾಡಿ ಬಿಡು.