ನಾವಿಬ್ಬರೇ ಮುಂಬೈಗೆ ಹೊರಟದ್ದು

ನನ್ನ ಹಳೆಯ ಡೈರಿಯಲ್ಲಿ ಜೂನ್ ಆರನೇ ತಾರೀಕಿನ ಪುಟದಲ್ಲಿ ಹೀಗೆ ಬರೆದಿದೆ: "ಮದುವೆಯಾದ ಮೇಲೆ ಮೊದಲ ಪ್ರವಾಸ. ನಾನು, ಇವರು ಮೈಸೂರಿಗೆ ಹೋಗಿಬಂದೆವು. ಜೊತೆಯಲ್ಲಿ ಏಳು ಜನ."

ಕೆಲವರ ಮನೆಯಲ್ಲಿ ಹಾಲು ಉಕ್ಕುತ್ತಲೇ ಇರುತ್ತದೆ, ಕೆಲವರ ಮನೆಯಲ್ಲಿ ಬೀಗದ ಕೈ ಕಳೆಯುತ್ತಲೇ ಇರುತ್ತದೆ. ನಮ್ಮ ಮನೆಯಲ್ಲಿ ಇಬ್ಬರು ಹೊರಟದ್ದು ಒಂಬತ್ತು ಜನ ಆಗುತ್ತಲೇ ಇರುತ್ತದೆ.

೧. ಮರ್ಯಾದೆ

ನಾನು ಬಿ.ಎಸ್ಸಿ. ಜಕ್ಕೂರಿನ ಈ ಮನೆತನಕ್ಕೆ ಸೊಸೆಯಾಗಿ ಬಂದ ಮೊದಲ ಪದವೀಧರೆ. ಯಾವುದನ್ನೂ ಬಾಯಿಮಾತಿಗೆ ಬಿಡದೆ ಬರೆದಿಡುವುದು ನನ್ನ ಅಭ್ಯಾಸ. ಮೈಸೂರಿಗೆ ಆ ಏಳು ಜನ ಹೇಗೆ ಬಂದರು ಎಂಬುದನ್ನೂ ಬರೆದಿಟ್ಟಿದ್ದೇನೆ. ನಮ್ಮ ಯಜಮಾನರು ಕರೆದರು, ಅವರು ಬಂದರು.

ನಮ್ಮ ಕಡೆ ಒಂದು ಮರ್ಯಾದೆ ಇದೆ. ಊಟಕ್ಕೆ ಕೂತಾಗ ಯಾರು ಬಂದರೂ "ಬನ್ನಿ, ಊಟ ಮಾಡಿ" ಅನ್ನಬೇಕು. ಬಂದವರು ಹಸಿದು ಸಾಯುತ್ತಿದ್ದರೂ "ಈಗ ತಾನೇ ಆಯ್ತು" ಅನ್ನಬೇಕು. ಪ್ರಯಾಣಕ್ಕೂ ಇದೇ ಕಟ್ಟಳೆ. ಎಲ್ಲಿಗೆ ಹೊರಟಿರಿ ಎಂದು ಯಾರಾದರೂ ಕೇಳಿದರೆ ಊರಿನ ಹೆಸರು ಹೇಳಿ "ನೀವೂ ಬನ್ನಿ" ಅನ್ನಬೇಕು. ಕೇಳಿದವರು "ಇಲ್ಲ ಇಲ್ಲ, ನೀವು ಹೋಗ್ಬನ್ನಿ" ಅನ್ನಬೇಕು. ಅಲ್ಲಿಗೆ ಎರಡೂ ಕಡೆಯ ಮರ್ಯಾದೆ ಉಳಿಯುತ್ತದೆ, ಬಸ್ಸಿನಲ್ಲಿ ಜಾಗವೂ ಉಳಿಯುತ್ತದೆ.

ನಮ್ಮ ಯಜಮಾನರ ತೊಂದರೆ ಏನೆಂದರೆ, ಅವರು ಅದನ್ನು ಮನಸಾರೆ ಹೇಳುತ್ತಾರೆ. ಒಂದು ಸಲ ಹೇಳಿ ಬಿಡುವುದಿಲ್ಲ. ಎದುರಿನವರ ಕೈ ಹಿಡಿದು, ಮುಖ ನೋಡಿ, "ಇಲ್ಲ, ನೀವು ಬರ್ಲೇಬೇಕು" ಎನ್ನುತ್ತಾರೆ. ಅಷ್ಟು ಹೇಳಿದ ಮೇಲೆ ಬರುವುದಿಲ್ಲ ಎನ್ನಲು ಎದುರಿನವರಿಗೂ ಕಲ್ಲೆದೆ ಬೇಕು. ಮೈಸೂರಿನಲ್ಲಿ ಅರಮನೆಯ ದೀಪ ಹತ್ತಿದಾಗ ಇವರು ನನ್ನ ಪಕ್ಕದಲ್ಲಿ ನಿಲ್ಲಬೇಕಾಗಿತ್ತು. ನಿಂತಿದ್ದದ್ದು ಇವರ ಅಕ್ಕ. "ಎಷ್ಟು ಚೆನ್ನಾಗಿದೆ ಅಲ್ವಾ?" ಎಂದು ನನ್ನ ಕೈ ಹಿಡಿದದ್ದೂ ಅವರೇ.

೨. ಎರಡು ಟಿಕೆಟ್ಟು

ಈ ವರ್ಷ ತಣಿಸಂದ್ರದಲ್ಲಿರುವ ನಮ್ಮ ಮಗಳು ನಮ್ಮ ಮದುವೆಯ ದಿನಕ್ಕೆ ಉಡುಗೊರೆ ಕೊಟ್ಟಳು. ಮುಂಬೈಗೆ ವಿಮಾನದಲ್ಲಿ ಹೋಗಿಬರುವುದು, ಸಮುದ್ರದ ಹತ್ತಿರದ ಹೋಟೆಲಿನಲ್ಲಿ ಎರಡು ರಾತ್ರಿ. ಮದುವೆಯಾಗಿ ಬಂದಾಗಿನಿಂದ ಜಕ್ಕೂರಿನ ವಿಮಾನ ತರಬೇತಿ ಶಾಲೆಯ ಸಣ್ಣ ವಿಮಾನಗಳು ನಾನು ಒಣಹಾಕಿದ ಬಟ್ಟೆಗಳ ಮೇಲೇ ಹಾರಾಡಿಕೊಂಡಿವೆ. ಸಣ್ಣದಿರಲಿ ದೊಡ್ಡದಿರಲಿ, ನಾನು ಒಂದನ್ನೂ ಹತ್ತಿರಲಿಲ್ಲ.

"ಅಮ್ಮಾ, ಇಬ್ಬರೇ ಹೋಗ್ಬೇಕು," ಎಂದಳು ಮಗಳು.

"ನನಗೆ ಯಾಕೆ ಹೇಳ್ತೀಯ? ಅಪ್ಪಂಗೆ ಹೇಳು."

"ಅಪ್ಪಾ, ಇಬ್ಬರೇ. ಯಾರಿಗೂ ಹೇಳ್ಬಾರ್ದು. ಯಾರನ್ನೂ ಕರೀಬಾರ್ದು."

"ಛೆ, ನಾನ್ಯಾಕೆ ಕರೀಲಿ?" ಎಂದರು ಇವರು. ಆಮೇಲೆ ಅಳಿಯನ ಕಡೆ ತಿರುಗಿ, "ನೀವಿಬ್ರೂ ಬರ್ಬಹುದಿತ್ತು," ಎಂದರು.

ಮಗಳು ನನ್ನ ಮುಖ ನೋಡಿದಳು. ನನ್ನ ಕಾವಲು ಶುರುವಾದದ್ದು ಆವತ್ತಿನಿಂದ. ಮುಂಬೈ ತಲುಪುವವರೆಗೆ ಅದು ನಿಲ್ಲಲಿಲ್ಲ.

೩. ಕತ್ತರಿ

ಒಂದು ವಾರ ಇವರನ್ನು ಹೊರಗೆ ಬಿಡದೆ ಕಾದೆ. ಹಾಲು ನಾನೇ ತಂದೆ, ತರಕಾರಿ ನಾನೇ ತಂದೆ. ಎದುರು ಮನೆಯವರು ಮಾತಿಗೆ ಬಂದರೆ ಇವರಿಗೆ ತಲೆನೋವು ಎಂದೆ. ಆದರೆ ಇವರ ಕ್ಷೌರವನ್ನು ನಾನು ಮಾಡಲಾದೀತೆ? ಭಾನುವಾರ ಬೆಳಿಗ್ಗೆ ಹೋದವರು ತಲೆ ಸವರಿಕೊಳ್ಳುತ್ತಾ ಬಂದರು. ಆ ಮುಖ ನೋಡಿದ ಕೂಡಲೇ ಗೊತ್ತಾಯಿತು.

"ಯಾರನ್ನ ಕರೆದ್ರಿ?"

"ಯಾರನ್ನೂ ಇಲ್ಲ ಕಣೆ... ಅವನೊಬ್ಬನ್ನೇ."

"ಯಾರು, ಸಲೂನಿನವನನ್ನಾ?"

"ಏನ್ ಯಜಮಾನ್ರೇ, ಇಷ್ಟು ಚಿಕ್ಕದಾಗಿ ಹೊಡೀರಿ ಅಂತಿದೀರ, ಎಲ್ಲಿಗಾದ್ರೂ ಹೊರಟಿದೀರಾ ಅಂದ. ಕತ್ತರಿ ಕಿವಿ ಪಕ್ಕದಲ್ಲೇ ಇತ್ತು. ಸುಳ್ಳು ಹೇಳೋಕಾಗುತ್ತಾ? ಕರೀದೆ ಇರೋಕಾಗುತ್ತಾ?"

"ಅವನೇನಂದ?"

"ಯೋಚ್ನೆ ಮಾಡ್ತೀನಿ, ಮುಂದಿನ ಸಲ ಬಂದಾಗ ಹೇಳ್ತೀನಿ ಅಂದ."

ಮುಂದಿನ ಸಲ ಎಂದರೆ ಮುಂದಿನ ಕ್ಷೌರಕ್ಕೆ. ಇವರ ಕೂದಲು ಬೆಳೆಯುವುದನ್ನು ನಾನು ಅಷ್ಟು ಭಯದಿಂದ ಯಾವತ್ತೂ ನೋಡಿರಲಿಲ್ಲ.

೪. ಡಾಕ್ಟರ ರಜೆ

ಇವರಿಗೆ ಸ್ವಲ್ಪ ಬಿ.ಪಿ. ಇದೆ. ವಿಮಾನ ಹತ್ತುವ ಮೊದಲು ಒಂದು ಮಾತು ಕೇಳಿಬಿಡೋಣ ಎಂದು ಹೆಬ್ಬಾಳದ ನಮ್ಮ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಹೇಳಿಕೊಟ್ಟೆ: "ಆರೋಗ್ಯದ ವಿಷಯ ಮಾತ್ರ ಮಾತಾಡಿ."

ಡಾಕ್ಟರು ಪಟ್ಟಿ ಸುತ್ತಿ, ಗಾಳಿ ಒತ್ತಿ, ಮುಳ್ಳು ನೋಡಿದರು. "ಆರಾಮಾಗಿ ಹೋಗ್ಬಹುದು. ಮಾತ್ರೆ ಮಾತ್ರ ಮರೀಬೇಡಿ. ಯಾವಾಗ ಹೊರಡ್ತೀರಾ?"

"ಈ ತಿಂಗಳ ಕೊನೇ ಶನಿವಾರ. ನೀವೂ ಬನ್ನಿ ಡಾಕ್ಟ್ರೇ."

ನಾನು ಮೇಜಿನ ಕೆಳಗೆ ಕಾಲು ತುಳಿದೆ. ಇವರು ಅದನ್ನು ಇನ್ನೊಂದು ಸಲ ಹೇಳು ಎಂಬ ಸೂಚನೆ ಎಂದುಕೊಂಡರು. "ನಿಜವಾಗ್ಲೂ ಬನ್ನಿ. ಸದಾ ಪೇಷಂಟು, ಪೇಷಂಟು ಅಂತ ನಿಮಗೂ ಬೇಜಾರಾಗಿರುತ್ತೆ."

ಡಾಕ್ಟರು ನಿಟ್ಟುಸಿರು ಬಿಟ್ಟು, "ನೀವೊಬ್ರೇ ನೋಡಿ ನನ್ನ ಬಗ್ಗೆ ಯೋಚ್ನೆ ಮಾಡಿದ್ದು," ಎಂದರು.

ಎರಡು ದಿನ ಬಿಟ್ಟು ಆ ಕ್ಲಿನಿಕ್ಕಿನ ಹುಡುಗಿ ಫೋನ್ ಮಾಡಿದಳು. "ಅಮ್ಮಾ, ಮುಂದಿನ ಚೆಕಪ್ ಕೊನೇ ಶನಿವಾರ ಅಂತ ಮೊದಲೇ ಬರೆದಿತ್ತು. ಅದನ್ನ ಮುಂದಕ್ಕೆ ಹಾಕ್ಬೇಕು. ಆವತ್ತು ಡಾಕ್ಟ್ರು ಇರಲ್ಲ. ಊರಿಗೆ ಹೋಗ್ತಿದಾರೆ."

ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ. "ಯಾವ ಊರಿಗಮ್ಮಾ?"

"ಮಂಡ್ಯಕ್ಕೆ. ಅವರ ಮಾವನ ಮನೇಲಿ ಏನೋ ಕಾರ್ಯ."

ನಾನು ಕಂಡು ಕೇಳರಿಯದ ಆ ಮಾವನವರಿಗೆ, ಫೋನ್ ಹಿಡಿದ ಕೈಯಲ್ಲೇ ನಮಸ್ಕಾರ ಮಾಡಿದೆ.

ಅದೇ ವಾರ ಇವರ ಕೂದಲೂ ಕಿವಿಗೆ ಬಂತು. ಸಲೂನಿಗೆ ಹೋಗಿ ಸಪ್ಪೆ ಮುಖ ಮಾಡಿಕೊಂಡು ಬಂದರು. "ಮದುವೆ ಸೀಸನ್ ಅಂತೆ, ಅಂಗಡಿ ಬಿಟ್ಟು ಬರೋಕಾಗಲ್ವಂತೆ. ಪಾಪ, ಬೇಜಾರ್ ಮಾಡ್ಕೋಬೇಡಿ ಯಜಮಾನ್ರೇ ಅಂತ ಅವನೇ ನನ್ನ ಸಮಾಧಾನ ಮಾಡ್ದ." ಆವತ್ತು ನಾನು ಮನೆಯಲ್ಲಿ ಪಾಯಸ ಮಾಡಿದೆ. ಯಾಕೆಂದು ಹೇಳಲಿಲ್ಲ.

೫. ಇವರ ಅಕ್ಕ

ಪಾಯಸದ ಪಾತ್ರೆ ಇನ್ನೂ ತೊಳೆದಿರಲಿಲ್ಲ, ಯಲಹಂಕದಿಂದ ಇವರ ಅಕ್ಕ ಬಂದರು. ಬರಿಗೈಯಲ್ಲಿ ಬರಲಿಲ್ಲ. ಚಕ್ರದ ಹೊಸ ಸೂಟ್‌ಕೇಸೊಂದನ್ನು ತಳ್ಳಿಕೊಂಡು ಬಂದರು. ಬೆಲೆಯ ಚೀಟಿ ಕೂಡ ಕಿತ್ತಿರಲಿಲ್ಲ.

"ಹೆಂಗಿದೆ ನೋಡಮ್ಮ. ನಿನ್ನ ಗಂಡ ಫೋನ್ ಮಾಡಿ ಕರೆದ. ನನ್ನ ಮಗ ಟಿಕೆಟ್ ಮಾಡ್ದ. ನಿಮ್ಮದೇ ಪ್ಲೇನು, ನಿಮ್ಮದೇ ಹೋಟ್ಲು."

ನಾನು ಒಳಗೆ ಹೋಗಿ ಇವರನ್ನು ಹಿಡಿದೆ. "ಏನ್ರೀ ಇದು?"

"ಅಕ್ಕ ಬರಲ್ಲ ಅಂದ್ಕೊಂಡು ಕರೆದೆ ಕಣೆ."

"ಮೈಸೂರಿಗೂ ಹಾಗೇ ಅಂದ್ಕೊಂಡಿದ್ರಿ."

ಹೊರಗಿನಿಂದ ಅಕ್ಕನ ದನಿ ಬಂತು. "ಅದೇ ಮತ್ತೆ! ಮೈಸೂರಿಗೇ ಬಂದಿದ್ದೋಳು ಮುಂಬೈಗೆ ಬರಲಿಲ್ಲ ಅಂದ್ರೆ ಜನ ಏನಂದ್ಕೋತಾರೆ? ನಿನಗೂ ನನಗೂ ಆಗಲ್ಲ ಅಂದ್ಕೊಳ್ಳಲ್ವಾ?"

ಕಿವಿ ಮಾತ್ರ ಅವರಿಗೆ ನನ್ನ ಮದುವೆಯ ದಿನ ಇದ್ದಷ್ಟೇ ಚುರುಕು.

೬. ನನ್ನ ಬುದ್ಧಿವಂತಿಕೆ

ಆ ರಾತ್ರಿ ನಿದ್ದೆ ಬರಲಿಲ್ಲ. ನನಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ಒಂದು ಸಂಜೆ, ಸಮುದ್ರದ ಎದುರು, ನಾನೂ ಇವರೂ. ನಡುವೆ ಯಾರ ಸೂಟ್‌ಕೇಸೂ ಇರಬಾರದು. ಓದಿದವಳು ನಾನು, ಒಂದು ದಾರಿ ಸಿಗದೇ ಇರುತ್ತದೆಯೇ ಎಂದು ಯೋಚಿಸಿದೆ. ಬೆಳಗಾಗುವ ಹೊತ್ತಿಗೆ ಸಿಕ್ಕಿತು.

ಇವರ ಅಕ್ಕ ಎಲ್ಲಿಗೆ ಬೇಕಾದರೂ ಬರುತ್ತಾರೆ, ತಮ್ಮ ಗಂಡ ಇರುವ ಕಡೆಗೆ ಮಾತ್ರ ಬರುವುದಿಲ್ಲ. "ಮನೇಲಿ ನೋಡೋ ಮುಖಾನೇ ಹೊರಗೂ ನೋಡೋಕೆ ದುಡ್ಡು ಯಾಕೆ ಖರ್ಚು ಮಾಡ್ಲಿ?" ಎನ್ನುವುದು ಅವರ ವಾದ. ಭಾವನವರು ಮಾತು ಕಡಿಮೆ. ದಿನವಿಡೀ ಸೈಟು ವ್ಯವಹಾರದ ಸ್ನೇಹಿತರ ಅಂಗಡಿಯಲ್ಲಿ ಕೂತು ಪೇಪರು ಓದಿ ಬರುವವರು.

ಜೀವನದಲ್ಲಿ ಮೊದಲ ಬಾರಿಗೆ ನಾನೇ ಇವರಿಗೆ ಹೇಳಿದೆ: "ರೀ, ಹೋಗಿ ನಿಮ್ಮ ಭಾವನ್ನ ಕರೀರಿ."

ಇವರ ಮುಖ ಅರಳಿತು. ಚಪ್ಪಲಿ ಮೆಟ್ಟಲೂ ತಡಮಾಡಲಿಲ್ಲ.

ಲೆಕ್ಕ ಹಾಕಿದಂತೆಯೇ ಆಯಿತು. ಭಾವ ಪೇಪರು ಮಡಚಿ, "ಓಗೋಣ ಬುಡು, ಅದಕ್ಕೇನಂತೆ," ಎಂದು ಮಗನಿಂದ ಟಿಕೆಟ್ಟೂ ಮಾಡಿಸಿದರಂತೆ. ಸಂಜೆ ಅಕ್ಕ ಫೋನ್ ಮಾಡಿ, "ಅವರು ಬರೋದಾದ್ರೆ ನಾನ್ ಬರಲ್ಲ," ಎಂದರು. ಗೆದ್ದೆ ಎಂದುಕೊಂಡೆ. ಎಷ್ಟೋ ಹೊತ್ತಾದ ಮೇಲೆ, ಅನ್ನಕ್ಕೆ ಸಾರು ಬಡಿಸುತ್ತಿದ್ದಾಗ ಹೊಳೆಯಿತು: ಅಕ್ಕ ಬರುವುದಿಲ್ಲ, ಭಾವ ಬರುತ್ತಾರೆ.

ಆದರೂ ಭಾವ ವಾಸಿ, ಮಾತಾಡುವುದಿಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಹೊರಡುವ ದಿನ ಟ್ಯಾಕ್ಸಿಯವನು "ಎಲ್ಲಿಗೆ ಸರ್ ಫ್ಲೈಟು?" ಎಂದು ಕೇಳಿದ. ನಾನು ಇವರ ಮಂಡಿ ಅದುಮಿ ಹಿಡಿದೆ. ಇವರು ಟೋಲ್ ದಾಟುವವರೆಗೂ ತುಟಿ ಬಿಗಿಹಿಡಿದಿದ್ದು, ಇಳಿಯುವಾಗ ತಡೆಯಲಾಗದೆ "ನೀವೂ ಬನ್ನಿ" ಎಂದೇಬಿಟ್ಟರು. ಪುಣ್ಯಾತ್ಮ, "ನೀವು ಹೋಗ್ಬನ್ನಿ ಸರ್, ಇನ್ನೂ ಬಾಡಿಗೆ ಇದೆ," ಎಂದ. ಸಂಪ್ರದಾಯ ಬಲ್ಲವನು.

ವಿಮಾನ ನಿಲ್ದಾಣದ ಬಾಗಿಲಲ್ಲಿ ಭಾವ ನಿಂತಿದ್ದರು. ಅವರ ಹಿಂದೆ ಚಕ್ರದ ಸೂಟ್‌ಕೇಸು. ಅದರ ಹಿಂದೆ ಅಕ್ಕ.

"ಬರಲ್ಲ ಅಂದ್ರಲ್ಲಕ್ಕಾ?" ಎಂದೆ.

"ಇವರನ್ನ ಒಂಟಿಯಾಗಿ ಮುಂಬೈಗೆ ಬಿಡೋಕಾಗುತ್ತೇನಮ್ಮ? ಮಾತ್ರೆ ಯಾರು ಕೊಡ್ತಾರೆ?"

ಒಬ್ಬರನ್ನು ಬಿಡಿಸಲು ಹೋಗಿ ಇಬ್ಬರನ್ನು ಸೇರಿಸಿಕೊಂಡಿದ್ದೆ. ಡಿಗ್ರಿ ಇಲ್ಲದಿದ್ದರೆ ಒಬ್ಬರಲ್ಲೇ ಮುಗಿಯುತ್ತಿತ್ತು.

೭. ಸಮುದ್ರ

ಮೊದಲ ದಿನ ನಾಲ್ವರೂ ಒಟ್ಟಿಗೇ ತಿಂದೆವು, ಒಟ್ಟಿಗೇ ತಿರುಗಿದೆವು, ಒಟ್ಟಿಗೇ ಕಾಲುನೋವು ಎಂದೆವು. ಮುಂಬೈ ಮುಗಿಯಿತು, ಇದೂ ಮೈಸೂರೇ ಎಂದು ಡೈರಿಯಲ್ಲಿ ಬರೆದು ಮಲಗಿದೆ.

ಮರುದಿನ ತಿಂಡಿಗೆ ಕರೆಯಲು ಇವರು ಅಕ್ಕನ ಕೋಣೆಯ ಬಾಗಿಲು ತಟ್ಟಿದರು. ಉತ್ತರವಿಲ್ಲ. ಕೆಳಗೆ ಕೇಳಿದರೆ, ಅವರಿಬ್ಬರೂ ಆಗಲೇ ಹೊರಗೆ ಹೋದರು ಎಂದರು. ಇವರು ತಿಂಡಿ ಮರೆತು ಫೋನ್ ತೆಗೆದರು. ಹಿಂದಿ ಬಾರದ ಅಕ್ಕ, ಮಾತೇ ಆಡದ ಭಾವ! ಫೋನ್ ಮಾಡಿದರೆ ಎತ್ತುವುದಿಲ್ಲ. ಇಬ್ಬರೂ ಮಾಡುತ್ತಲೇ ಇದ್ದೆವು, ಕೊನೆಗೊಮ್ಮೆ ನಾನು ಮಾಡಿದಾಗ ಅಕ್ಕ ಎತ್ತಿದರು. ಗಾಳಿಯ ಸದ್ದು, ಯಾರದೋ ನಗು.

"ನಾವು ದೋಣೀಲಿ ಇದೀವಿ ಕಣಮ್ಮ! ಅದೇನೋ ಗುಹೆ ಇದೆಯಂತೆ, ನೋಡ್ಕೊಂಡ್ ಬರೋಣ ಬಾ ಅಂತ ಇವರೇ ಕರೆದ್ರು. ಮದುವೆಯಾದಾಗಿಂದ ಇವತ್ತೇ ಕರೆದಿರೋದು!"

ಹಿಂದಿನಿಂದ ಭಾವನ ದನಿ, ಹಿಂದಿನ ದಿನವೆಲ್ಲಾ ಕೇಳದ ದನಿ, ಗಟ್ಟಿಯಾಗಿ ಕೇಳಿತು. "ಫೋನ್ ಮಡಗೇ ಅತ್ಲಾಗೆ! ಇಂಗೆ ತಿರುಕ್ಕೋ, ಫೋಟೋ ತೆಗೀತೀನಿ."

ಫೋನ್ ಕಟ್ಟಾಯಿತು.

ಸಂಜೆಯವರೆಗೂ ಅವರ ಸುಳಿವಿಲ್ಲ. ನಾವಿಬ್ಬರೂ ಸಮುದ್ರದ ಎದುರಿನ ಕಟ್ಟೆಯ ಮೇಲೆ ಕೂತೆವು. ಸೂರ್ಯ ಮುಳುಗುತ್ತಿದ್ದ. ನಡುವೆ ಯಾರೂ ಇಲ್ಲ. ನಾನು ಇಷ್ಟು ವರ್ಷ ಕಾದ ಗಳಿಗೆ. ತಿರುಗಿ ನೋಡಿದರೆ ಇವರು ಮುಖ ಊದಿಸಿಕೊಂಡು ಕೂತಿದ್ದಾರೆ.

"ಏನಾಯ್ತ್ರೀ?"

"ನನ್ನ ಸ್ವಂತ ಅಕ್ಕ ಕಣೆ. ಸ್ವಂತ ಭಾವ. ಒಂದು ಮಾತು, ಬರೀ ಬಾಯಿಮಾತಿಗೆ, ನೀವೂ ಬನ್ನಿ ಅನ್ನಬಾರದಿತ್ತಾ?"

ನನಗೆ ನಗು ತಡೆಯಲಾಗಲಿಲ್ಲ. "ಅಂದಿದ್ರೆ ಹೋಗ್ಬಿಡ್ತಿದ್ರಾ?"

"ನಾನ್ಯಾಕೆ ಹೋಗ್ಲಿ? ಇಲ್ಲ ಇಲ್ಲ, ನೀವು ಹೋಗ್ಬನ್ನಿ ಅಂತಿದ್ದೆ. ನಾವಿಬ್ಬರೇ ಹೀಗೆ ಕೂತ್ಕೊಳ್ಳೋಣ ಅಂತ ತಾನೆ ಬಂದಿರೋದು?"

ನಾನು ಕಡಲೆಕಾಯಿಯ ಪೊಟ್ಟಣ ಬಿಚ್ಚಿ ಇವರ ಕೈಗೆ ಸುರಿದೆ.

ಮಗಳು ಕೊಟ್ಟ ಟಿಕೆಟ್ಟು, ಕೋಣೆ ಬಿಟ್ಟು ನಮ್ಮ ಕೈಯಿಂದ ಆದ ಖರ್ಚು ಇಷ್ಟು: ಎರಡೂ ಊರಿನ ಟ್ಯಾಕ್ಸಿಗೆ ನಾಲ್ಕು ಸಾವಿರದ ಮುನ್ನೂರ ಐವತ್ತು. ಊಟ, ತಿಂಡಿ, ಕಾಫಿಗೆ ಮೂರು ಸಾವಿರದ ಒಂಬೈನೂರು. ಕರೆದರೂ ಬಾರದಿದ್ದ ಸಲೂನಿನವನಿಗೆ, ಡಾಕ್ಟರಿಗೆ, ಮತ್ತೆ ಯಾರು ಯಾರಿಗೋ ಎಂಟು ಡಬ್ಬಿ ಹಲ್ವ, ಸಾವಿರದ ಇನ್ನೂರು. ಸಮುದ್ರದ ಹತ್ತಿರ ಕಡಲೆಕಾಯಿ ಮೂರು ಪೊಟ್ಟಣ, ಅರವತ್ತು. ಒಟ್ಟು ಒಂಬತ್ತು ಸಾವಿರದ ಐನೂರ ಹತ್ತು ರೂಪಾಯಿ. ಕಡಲೆಕಾಯಿಯ ಮೂರನೇ ಪೊಟ್ಟಣ ನಮ್ಮ ಪಕ್ಕ ಕೂತಿದ್ದ ಅಪರಿಚಿತರೊಬ್ಬರದು. ಇವರು "ನೀವೂ ಬನ್ನಿ" ಎಂದರು. ಆ ಮನುಷ್ಯ "ಈಗ ತಾನೇ ಆಯ್ತು" ಅನ್ನಲಿಲ್ಲ.