ಬಡಾವಣೆ ಹಿಡಿದು ಕೂತ ದಲ್ಲಾಳಿ

ಸೈಟು-ಮನೆ ಮಾರುವವನ ಬದುಕಿನಲ್ಲಿ ನಗುವ ಸಂಗತಿಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ; ಚಪ್ಪಲಿ ಬಿಟ್ಟು ಯಾರದೋ ಮನೆಯ ಹೊಸ್ತಿಲು ದಾಟಿದರೆ ಸಾಕು, ಒಂದಿಲ್ಲೊಂದು ಆಗಿಯೇ ತೀರುತ್ತದೆ. ಇವನ್ನು ಹೇಳಿದಾಗ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಾನೂ ನಗುತ್ತೇನೆ. ಎಲ್ಲರೂ ಎದ್ದು ಹೋದ ಮೇಲೆ ಮಾತ್ರ, ಅದು ಹಾಗಾಗದೆ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸುತ್ತದೆ.

ನಾನು ಮೊದಲು ರಾಣೆಬೆನ್ನೂರಿನ ಒಂದು ಬೀಜದ ಅಂಗಡಿಯಲ್ಲಿದ್ದೆ. ಹಾವೇರಿ ಜಿಲ್ಲೆಯಾಗಿ ಸರ್ಕಾರಿ ಕಚೇರಿಗಳೆಲ್ಲ ಬಂದು, ಸುತ್ತಲಿನ ಊರುಗಳ ಹೊಲಗಳಲ್ಲೆಲ್ಲ ಕಲ್ಲು ನೆಟ್ಟು ಸೈಟು ಮಾಡುತ್ತಿದ್ದ ಕಾಲ. ನಾನೂ ಅಂಗಡಿ ಬಿಟ್ಟು ದಲ್ಲಾಳಿಯಾದೆ. ಹುಬ್ಬಳ್ಳಿಯ ಒಂದು ಲಾಡ್ಜಿನಲ್ಲಿ ನಮ್ಮಂಥವರಿಗೆಂದು ತರಬೇತಿ ಇಟ್ಟಿದ್ದರು. ಟೈ ಕಟ್ಟಿಕೊಂಡ ಒಬ್ಬರು ಹೇಳಿದರು: "ಊರ ತುಂಬ ಅಲೀಬ್ಯಾಡ್ರಿ. ಒಂದ ಬಡಾವಣಿ ಹಿಡೀರಿ. ಅದು ನಿಮ್ಮ ಹೊಲ ಅಂತ ತಿಳ್ಕೋರಿ. ತಿಂಗಳಾ ಹೋಗ್ರಿ, ಮುಖಾ ತೋರಸ್ರಿ, ಕೈಯಾಗ ಏನಾರ ಕೊಟ್ಟು ಬರ್ರಿ. ಮನಿ ಮಾರೋ ವಿಚಾರ ಬಂದ ದಿನಾ ಅವರಿಗೆ ನಿಮ್ಮ ಹೆಸರ ಮೊದಲ ನೆನಪಾಗಬೇಕು."

ಬೀಜ ಮಾರಿದವನಿಗೆ ಹೊಲದ ಮಾತು ತಿಳಿಯದೇ? ರಾಣೆಬೆನ್ನೂರಿನ ರೈಲು ಸ್ಟೇಷನ್ನಿನ ಆಚೆಗಿದ್ದ ಒಂದು ಬಡಾವಣೆಯನ್ನು ಹಿಡಿದೇಬಿಟ್ಟೆ. ಮಾಸ್ತರರು, ಬ್ಯಾಂಕಿನವರು, ಅಂಗಡಿಕಾರರು ಇದ್ದ ಮರ್ಯಾದಸ್ಥರ ಬಡಾವಣೆ.

೧. ಸದಾ ನಿಮ್ಮ ನೆನಪಿನಲ್ಲಿ

ಮೊದಲ ಕೆಲಸವೆಂದರೆ ನನ್ನ ಹೆಸರು ಮನೆ ಮನೆಗೆ ಮುಟ್ಟಿಸುವುದು. ಕರಪತ್ರ ಮಾಡಿಸಲು ಪ್ರೆಸ್ಸಿಗೆ ಹೋದೆ. ಬಣ್ಣದ್ದಕ್ಕೆ ಖರ್ಚು ಜಾಸ್ತಿ, ಕಪ್ಪು-ಬಿಳುಪೇ ಇರಲಿ ಎಂದೆ. ಪ್ರೆಸ್ಸಿನವನು ನನ್ನ ಫೋಟೊ ನಡುವೆ ಹಾಕಿ ಸುತ್ತಲೂ ದಪ್ಪನೆಯ ಕಪ್ಪು ಗೆರೆ ಎಳೆದ. ಮೇಲೊಂದು ಸಾಲು ಬೇಕಲ್ಲ ಅಂದ. ತರಬೇತಿಯಲ್ಲಿ ಕೇಳಿದ್ದು ತಲೆಯಲ್ಲಿತ್ತು. "ಸದಾ ನಿಮ್ಮ ನೆನಪಿನಲ್ಲಿ ಅಂತ ಹಾಕ್ರಿ" ಎಂದೆ.

ಮರುದಿನ ಬೆಳಿಗ್ಗೆ ಅದು ಪೇಪರಿನ ಜೊತೆ ಊರಿಗೆಲ್ಲ ಹೋಯಿತು. ನಾನು ಬಚ್ಚಲಲ್ಲಿದ್ದೆ. ಹೊರಗೆ ಏನೋ ಗದ್ದಲ. ನಾಲ್ಕಾರು ಜನ ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ ಬಾಗಿಲಲ್ಲಿ ನಿಂತಿದ್ದರಂತೆ. ಒಬ್ಬರು ನನ್ನ ಹೆಂಡತಿಯನ್ನು ಕೇಳಿದರು, "ಯಾವಾಗ ಆತವ್ವಾ?" ಅವಳು "ಈಗ ಹೋಗ್ಯಾರ್ರಿ, ಕುಂದ್ರಿ, ಬರ್ತಾರ" ಅಂದಳು. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅಷ್ಟರಲ್ಲಿ ಮೇಡ್ಲೇರಿಯಿಂದ ನಮ್ಮ ಸೋದರಮಾವ ತಲೆಯ ಪಟಕಾ ಬಿಚ್ಚಿ ಕೈಯಲ್ಲಿ ಹಿಡಿದು, ಬಸ್‌ಸ್ಟ್ಯಾಂಡಿನಿಂದಲೇ ಅಳುತ್ತ ಬಂದ. ಪೇಟೆಗೆ ಹಾಲು ತಂದ ಯಾರೋ ಕರಪತ್ರ ನೋಡಿ ಫೋನು ಮಾಡಿ ತಿಳಿಸಿದ್ದರು. ಅವನು ಒಳಗೆ ಬಂದಾಗ ನಾನು ಅವಲಕ್ಕಿ ತಿನ್ನುತ್ತ ಕೂತಿದ್ದೆ. ಅಳು ಅರ್ಧಕ್ಕೇ ನಿಂತಿತು. ನನ್ನನ್ನೂ ತಟ್ಟೆಯನ್ನೂ ನೋಡಿದ.

"ಹೊಲಕ್ಕ ನೀರಿನ ಪಾಳಿ ನಂದಿತ್ತು. ಬಿಟ್ಟು ಓಡಿ ಬಂದೇನಿ. ನೀ ನೋಡಿದ್ರ ಇಲ್ಲಿ ಕುಂತು ಅವಲಕ್ಕಿ ತಿನ್ನಾಕತ್ತಿ!"

ಬದುಕಿದ್ದಕ್ಕೆ ನಾನು ಅವನ ಕ್ಷಮೆ ಕೇಳಬೇಕಾಯಿತು.

೨. ಹೀರೆಬಳ್ಳಿ

ಕರಪತ್ರ ಬೇಡವೆಂದು, ಹಳೆಯ ಅಂಗಡಿಯಿಂದ ಹೀರೆ ಬೀಜ ತಂದು ಸಣ್ಣ ಸಣ್ಣ ಪೊಟ್ಟಣ ಕಟ್ಟಿ, ಮೇಲೆ ನನ್ನ ಹೆಸರು, ಫೋನ್ ನಂಬರು ಅಂಟಿಸಿ ಮನೆ ಮನೆಗೆ ಹಂಚಿದೆ. ಮಳೆಗಾಲಕ್ಕೆ ಬಡಾವಣೆಯ ಕಂಪೌಂಡುಗಳೆಲ್ಲ ಹಳದಿ ಹೂವು. ನನಗೆ ಹೆಮ್ಮೆ. ಯಾವ ಗೇಟು ತೆಗೆದರೂ "ಬರ್ರಿ ಬರ್ರಿ, ಹೀರೀಕಾಯವರು ಬಂದ್ರು" ಎನ್ನುವರು. ಮನೆಯ ವಿಷಯ ತೆಗೆದರೆ, "ಅದಿರಲಿ, ಮೊದಲ ಈ ಎಲಿ ಯಾಕ ಹಳದಿ ಆಗೈತಿ ಹೇಳ್ರಿ" ಎನ್ನುವರು. ಔಷಧಿ ಹೊಡೆಯುವ ಪಂಪನ್ನು ಬೆನ್ನಿಗೆ ಕಟ್ಟಿಕೊಂಡು ತಿರುಗಿದ ದಲ್ಲಾಳಿ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಕಿರಾಣಿ ಅಂಗಡಿಯವರೊಬ್ಬರು ಮನೆ ಮಾರಿ ಪೇಟೆಯೊಳಗೆ ಅಂಗಡಿಯ ಮೇಲೆಯೇ ಇರಲು ಹೋಗಬೇಕೆಂದಿದ್ದರು. ನನಗೇ ಹೇಳಿದರು. ಕೊಳ್ಳುವವರನ್ನು ಹುಡುಕಿ, ಮಾತಿನ ದಿನ ಕರೆದುಕೊಂಡು ಹೋದೆ. ಅವರ ಹೆಂಡತಿ ಬಳ್ಳಿಯ ಕೆಳಗೆ ನಿಂತು ಕಾಯಿ ಕೊಯ್ಯುತ್ತಿದ್ದರು. ಸೆರಗಿನ ತುಂಬ ಕಾಯಿ.

"ಇಂಥಾ ಬಳ್ಳಿ ಬಿಟ್ಟು ಹ್ಯಾಂಗ ಹೋಗೂದ್ರಿ? ಅಲ್ಲಿ ಮಾಳಿಗಿ ಮ್ಯಾಲೆ ಮಣ್ಣೂ ಇಲ್ಲ" ಅಂದರು. ಅಂಗಡಿಯವರು ನನ್ನ ಕಡೆ ನೋಡಿ ಕೈ ಚೆಲ್ಲಿದರು.

"ನಿಮ್ಮ ಬೀಜಾನರಿ ಇದು. ನೀವು ಇಷ್ಟು ಛಲೋ ಬೀಜ ಕೊಡಬಾರದಾಗಿತ್ತು."

೩. ಕೊಡೂದು

ನಮ್ಮ ಕಸುಬಿನಲ್ಲಿ ನೇರವಾಗಿ "ಮನಿ ಮಾರ್ತೀರೇನು" ಎಂದರೆ ಜನ ಸಿಟ್ಟಾಗುತ್ತಾರೆ. ಹಾಗಾಗಿ "ಕೊಡೂ ವಿಚಾರ ಏನಾರ ಐತೇನ್ರಿ?" ಎಂದು ಮೆತ್ತಗೆ ಕೇಳುವುದು ರೂಢಿ. ಒಂದು ಮನೆಯಲ್ಲಿ ಹೀಗೆ ಕೇಳಿದಾಗ ಯಜಮಾನರು ಒಳಗಿನ ಬಾಗಿಲ ಕಡೆ ನೋಡಿ, "ಐತ್ರಿ. ಛಲೋ ಕಡೆಯಾಂವ ಸಿಕ್ರ ಕೊಡೂದ" ಎಂದರು. ಮುಂದಿನ ಸಲ ಹೋದಾಗ ಉಪ್ಪಿಟ್ಟು ಬಂತು. ಅದರ ಮುಂದಿನ ಸಲ ಶಿರಾ. ನಾನು ಗೋಡೆ ತಟ್ಟಿ ನೋಡಿ, "ಗಟ್ಟಿಮುಟ್ಟು ಐತಿ. ಎಷ್ಟು ವರ್ಷ ಆತ್ರಿ?" ಎಂದೆ.

"ಇಪ್ಪತ್ತೆರಡು" ಎಂದರು.

"ಹಂಗ ಕಾಣೂದ ಇಲ್ಲ ಬಿಡ್ರಿ. ಒಮ್ಮೆ ಸುಣ್ಣ-ಬಣ್ಣ ಮಾಡಿಸಿದ್ರ ಲಗೂನ ಹೋಗತೈತಿ" ಎಂದೆ.

ಅಷ್ಟರಲ್ಲಿ ಸೀರೆ ಉಟ್ಟ ಹುಡುಗಿ ಚಹಾದ ತಟ್ಟೆ ಹಿಡಿದು ಬಂದು ನನ್ನ ಮುಂದೆ ನಿಂತಳು. ಆಗ ನನಗೆ ಎಲ್ಲ ತಿಳಿಯಿತು. "ನನಗ ಮದುವಿ ಆಗೇತ್ರಿ, ಎರಡು ಮಕ್ಕಳದಾವು" ಎಂದು ತೊದಲಿದೆ. ಯಜಮಾನರ ಮುಖ ಸಣ್ಣದಾಯಿತು. ತಿಂಗಳುಗಟ್ಟಲೆ ಅವರ ಮನೆಯಲ್ಲಿ ಆಸೆ ಹುಟ್ಟಿಸಿದ್ದೆನಲ್ಲ. ಪುಣ್ಯಕ್ಕೆ ಹುಡುಗಿಯೇ ಮೊದಲು ಕಿಸಕ್ಕನೆ ನಕ್ಕಳು.

ನನಗೆ ಸುಮ್ಮನಿರಲಾಗಲಿಲ್ಲ. ನಮ್ಮ ಬೀಜದ ಅಂಗಡಿಯಲ್ಲೇ ಇದ್ದ ಒಳ್ಳೆಯ ಹುಡುಗನೊಬ್ಬನನ್ನು ಕರೆದುಕೊಂಡು ಹೋಗಿ ತೋರಿಸಿದೆ. ಎರಡೂ ಕಡೆಗೆ ಒಪ್ಪಿಗೆಯಾಯಿತು, ಮದುವೆಯೂ ಆಯಿತು. ಅಷ್ಟು ವರ್ಷ ಆ ಬಡಾವಣೆಯಲ್ಲಿ ತಿರುಗಿ ನಾನು ಪೂರ್ತಿ ಮುಗಿಸಿದ ವ್ಯವಹಾರ ಅದೊಂದೇ. ಅದಕ್ಕೆ ದಲ್ಲಾಳಿ ದುಡ್ಡು ಕೇಳುವ ಹಾಗಿರಲಿಲ್ಲ.

೪. ಬ್ಯಾಡಗಿಯ ಕಣ್ಣೀರು

ಬಡಾವಣೆಯಲ್ಲಿ ಬಾಡಿಗೆಗಿದ್ದ ಬ್ಯಾಂಕಿನ ಗುಮಾಸ್ತರೊಬ್ಬರಿಗೆ ಬ್ಯಾಡಗಿಗೆ ವರ್ಗವಾಯಿತು. ಗಂಡ-ಹೆಂಡತಿ ಇಬ್ಬರೂ ಕರಾವಳಿ ಕಡೆಯವರು. ಅಲ್ಲೊಂದು ಸಣ್ಣ ಮನೆ ಕೊಂಡುಬಿಡೋಣ ಎಂದರು. ಬ್ಯಾಡಗಿಯ ಒಬ್ಬ ಟೇಲರು ಮನೆ ಮಾರುವವನಿದ್ದ. ಎಲ್ಲ ಹೊಂದಿತ್ತು. ನಾನು ಮರೆತದ್ದು ಒಂದೇ, ಅದು ಮೆಣಸಿನಕಾಯಿ ಸುಗ್ಗಿ.

ಬಸ್ಸಿಳಿದು ಮಾರ್ಕೆಟ್ಟಿನ ಹಿಂದಿನ ಓಣಿಗೆ ಬರುವಷ್ಟರಲ್ಲಿ ಇಬ್ಬರ ಕಣ್ಣಲ್ಲೂ ಧಾರಾಕಾರ ನೀರು. ಟೇಲರನ ಮನೆಯಲ್ಲಿ ಕಾಲಿಟ್ಟಾಗ ಗುಮಾಸ್ತರಿಗೆ ಮಾತೇ ಹೊರಡದು. ಪಡಸಾಲೆ ನೋಡಿ ಕಣ್ಣೊರೆಸಿಕೊಂಡರು. ಅಡುಗೆಮನೆ ನೋಡಿ ಅವರ ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದರು. ಟೇಲರನ ಹೆಂಡತಿ ಇದನ್ನು ನೋಡುತ್ತಲೇ ನಿಂತಿದ್ದಳು.

"ನನ್ನ ಬಾಣಂತನ ಎಲ್ಲಾ ಇಲ್ಲೇ ಆದುವ್ರಿ. ಒಂದು ದಿನಾನೂ ಈ ಮನಿ ಮ್ಯಾಲೆ ನಮಗ ಇಷ್ಟು ಜೀವ ಹುಟ್ಟಲಿಲ್ಲ. ಕಾಣದ ಊರಿನ ಮಂದಿ ಬಂದು ಅಳಾಕತ್ತಾರ ನೋಡ್ರಿ!" ಅಂದಳು. ಗಂಡನ ಕಡೆ ತಿರುಗಿ, "ಇಂಥಾ ಮನಿ ನಾವು ಕೊಡೂದು ಬ್ಯಾಡ" ಎಂದು ಕೂತೇಬಿಟ್ಟಳು.

ನಾನು ನಡುವೆ ಬಿದ್ದು, "ಅಕ್ಕಾರ, ಅದು ಅಳು ಅಲ್ಲರಿ, ಮೆಣಸಿನಕಾಯಿ ಘಾಟು" ಎಂದೆ.

ಅವಳು ಮೂಗೆತ್ತಿ ನಾಲ್ಕೂ ದಿಕ್ಕಿಗೆ ಗಾಳಿ ಎಳೆದುಕೊಂಡಳು.

"ಎಲ್ಲೈತ್ರಿ ಘಾಟು? ನಮಗೇನೂ ಬರವಲ್ದು!"

೫. ಮನೀ ಮನಷಾ

ನಮ್ಮ ಬಡಾವಣೆಯ ಮೂಲೆಯಲ್ಲಿ ನಿವೃತ್ತ ಹೆಡ್‌ಮಾಸ್ತರರ ಮನೆ. ಮಾಸ್ತರರು, ಅವರ ಹೆಂಡತಿ ಇಬ್ಬರೇ. ಮಗಳು ಹಾವೇರಿಯಲ್ಲಿ ಶಾಲೆಯ ಟೀಚರು. ಇಂದಲ್ಲ ನಾಳೆ ಇವರು ಮನೆ ಮಾರಿ ಮಗಳಿದ್ದಲ್ಲಿಗೆ ಹೋಗುತ್ತಾರೆಂದು ನನ್ನ ಲೆಕ್ಕ. ಅದಕ್ಕೆಂದೇ ಹೋಗಲು ಶುರು ಮಾಡಿದೆ. ನಿಜ ಹೇಳಬೇಕೆಂದರೆ ಆಮೇಲೆ ಅದು ನೆನಪೇ ಉಳಿಯಲಿಲ್ಲ. ಮಾಸ್ತರರ ಹೆಂಡತಿಯನ್ನು ಅಮ್ಮ ಎನ್ನುತ್ತಿದ್ದೆ; ಅವರು ಬಿಸಿ ರೊಟ್ಟಿ ತಟ್ಟೆಗೆ ಹಾಕುವರು. ನಾನು ಫ್ಯೂಸು ಹಾಕಿ ಕೊಡುವೆ, ಗ್ಯಾಸು ತಂದು ಕೊಡುವೆ. ಮಾಸ್ತರರ ಕಣ್ಣಿನ ಆಪರೇಷನ್ನಿಗೆ ನಾನೇ ಕರೆದುಕೊಂಡು ಹೋದೆ. ಕಟ್ಟು ಬಿಚ್ಚಿದಾಗ ಅವರು ಮೊದಲು ನೋಡಿದ್ದು ನನ್ನ ಮುಖ. "ನೀ ಹಿಂಗ ಇದ್ದೇನೋ? ಇನ್ನಾ ಬೆಳ್ಳಗ ಇರಬೇಕು ಅನ್ಕೊಂಡಿದ್ದೆ" ಎಂದು ನಕ್ಕರು.

ಒಂದು ದಿನ ಹೋದರೆ ಗೊತ್ತಿಲ್ಲದ ಇಬ್ಬರು ಕಂಪೌಂಡಿನಲ್ಲಿ ಟೇಪು ಹಿಡಿದು ಅಳೆಯುತ್ತಿದ್ದಾರೆ. ಅಮ್ಮ ಬಾಗಿಲಿನಿಂದಲೇ ಕೂಗಿದರು, "ಬಾರಪಾ, ಛಲೋ ಹೊತ್ತಿಗೆ ಬಂದಿ. ಮನಿ ಕೊಟ್ಟಬಿಟ್ವಿ!"

ಹಾವೇರಿಯ ದಲ್ಲಾಳಿಯೊಬ್ಬ, ಮಗಳ ಪರಿಚಯದವನು. ಒಂದೇ ಸಲ ಬಂದು ಇಲ್ಲಿಯ ಮನೆ ಮಾರಿಸಿ, ಅಲ್ಲಿಯ ಮನೆ ಕೊಡಿಸಿದ್ದ. ನಾನು ಮಾಸ್ತರರ ಹತ್ತಿರ ಕೂತೆ.

"ನನಗ ಒಂದು ಮಾತು ಯಾಕ ಹೇಳಲಿಲ್ಲರಿ ಸರ?"

ಅವರು ಕನ್ನಡಕ ತೆಗೆದು ಒರೆಸುತ್ತ ಕೂತರು. "ನಿನಗ ಹ್ಯಾಂಗ ಹೇಳೂದಪಾ? ನೀ ದಲ್ಲಾಳಿ ರೊಕ್ಕ ಕೇಳಾಂವಲ್ಲ, ನಾ ಕೊಡದ ಬಿಡಾಂವಲ್ಲ. ಇಬ್ಬರಿಗೂ ಮುಜುಗರ. ಗುರ್ತು ಇಲ್ಲದಾಂವ ಆದ್ರ ಚೌಕಾಸಿ ಮಾಡಾಕ, ಬೈಯಾಕ ಬರತೈತಿ. ನೀ ಮನೀ ಮನಷಾ."

ಏನೆಂದು ಸಿಟ್ಟಾಗಲಿ? ಲಾರಿಗೆ ಅವರ ಕಪಾಟು, ಒರಳು, ಕೊಡ ಎಲ್ಲ ನಾನೇ ಏರಿಸಿದೆ. ಖಾಲಿ ಮನೆಗೆ ಬೀಗ ಹಾಕುವಾಗ ಅಮ್ಮ ಅತ್ತರು. ಲಾರಿ ತಿರುವಿನಲ್ಲಿ ಕಾಣದಾದ ಮೇಲೆ, ಆ ಬಡಾವಣೆಯಲ್ಲಿ ಎತ್ತ ನಡೆಯಬೇಕೆಂದು ನನಗೆ ತಿಳಿಯಲಿಲ್ಲ.

ಹಾವೇರಿಯಲ್ಲಿ ಗೃಹಪ್ರವೇಶ. "ಹಿಂದಿನ ದಿನಾನ ಬಾ, ನೀ ಇಲ್ಲದಿದ್ರ ಯಾರು ನೋಡ್ಕೋತಾರ?" ಎಂದು ಅಮ್ಮ ಫೋನು ಮಾಡಿದ್ದರು. ಹೋದೆ. ತೋರಣ ಕಟ್ಟಿದೆ, ಚಾಪೆ ಹಾಸಿದೆ, ಪಂಕ್ತಿಯಲ್ಲಿ ಬಡಿಸಲು ನಿಂತೆ. ಆ ಹಾವೇರಿಯ ದಲ್ಲಾಳಿಗೆ ಮಾಸ್ತರರು ಶಾಲು ಹೊದಿಸಿ, ಮೊದಲ ಎಲೆಗೆ ಕೂರಿಸಿದ್ದರು. ನಾನು ತುಪ್ಪದ ಗಿಂಡಿ ಹಿಡಿದು ಅವನ ಹೋಳಿಗೆಗೆ ತುಪ್ಪ ಬಿಡುತ್ತಿದ್ದೆ. ಅವನು ತಲೆ ಎತ್ತಿ, "ಮುಂಜಾನಿಂದ ನೋಡಾಕತ್ತೇನಿ, ಭಾಳ ಓಡಾಡಾಕತ್ತೀರಿ. ನೀವು ಏನು ಉದ್ಯೋಗ ಮಾಡ್ತೀರಿ?" ಎಂದು ಕೇಳಿದ.

ನಾನು ಬಾಯಿ ತೆರೆಯುವುದರೊಳಗೆ ಪಲ್ಯದ ಪಾತ್ರೆ ಹಿಡಿದು ಬಂದ ಅಮ್ಮನೇ ಉತ್ತರ ಕೊಟ್ಟರು.

"ಅವಂದೇನೂ ಉದ್ಯೋಗ ಇಲ್ಲರಿ. ದಿನಾ ನಾಕು ಮನಿ ಅಡ್ಡಾಡಿ, ಎಲ್ಲಾರನ್ನೂ ಮಾತಾಡಿಸ್ಕೊಂಡು ಬರ್ತಾನ. ಪಾಪ, ಭಾಳ ಛಲೋ ಮನಷಾ. ನಿಮ್ಮ ಕಡೆ ಏನಾರ ಕೆಲಸ ಇದ್ರ ಹಚ್ಚಿಕೊಡ್ರಿ."

ಅವನು ಹೋಳಿಗೆ ಮುರಿಯುತ್ತ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಸೋಮವಾರ ಬಂದು ಕಾಣ್ರಿ" ಅಂದ.

ನಗಬೇಡಿ. ಸೋಮವಾರ ನಾನು ಹೋದೆ.